ನಡುವಿನವನ ಜಾಗ

ಚಳಿ ಹಿಂದೆ ಸರಿದಿತ್ತು, ಬಿಸಿಲಿಗೆ ಇನ್ನೂ ಪೂರ್ತಿ ಧೈರ್ಯ ಬಂದಿರಲಿಲ್ಲ. ಅಂಥ ದಿನಗಳ ಒಂದು ಸೋಮವಾರ, ಸಂಜೆ ನಾಲ್ಕು ಗಂಟೆಯ ಹೊತ್ತು. ಹಳೆ ಕಾರುಗಳ ಅಂಗಳದ ಗೇಟು ತಳ್ಳಿಕೊಂಡು ಅವಳು ಒಳಗೆ ಬಂದಳು. ಎಡಗೈಯ ಹಗ್ಗದಲ್ಲೊಂದು ನಾಯಿ, ಬಲಗೈಯ ಹಗ್ಗದಲ್ಲೊಂದು ನಾಯಿ.

ಕಿಟಕಿ ಪರದೆ ಹೊಲಿಯುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಪರದೆಯವಳು.

ಕಾರುಗಳ ಸಾಲಿನ ನಡುವಿಂದ ಒಬ್ಬ ಎದ್ದು ನಿಂತ. ಕೈಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಅಂಗಳದ ಯಜಮಾನರ ಅಣ್ಣನ ಮಗ. ಅಳೆಯದೆ ಒಂದು ಗಾಡಿಯನ್ನೂ ಯಾರಿಗೂ ಕೊಟ್ಟವನಲ್ಲ. ಅವನನ್ನು ಅಳತೆಗಾರ ಎನ್ನುತ್ತಿದ್ದರು.

ಅವನು ಅವಳನ್ನು ನೋಡಿದ. ನಾಯಿಗಳನ್ನು ನೋಡಿದ. ಆಮೇಲೆ ಅವಳ ಬೆನ್ನ ಹಿಂದಿನ ಖಾಲಿ ಗೇಟನ್ನು ನೋಡಿದ.

"ಇನ್ನೊಂದೆಲ್ಲಿ?"

ಅವಳು ಎರಡೂ ಹಗ್ಗ ಬಿಗಿಹಿಡಿದಳು.

"ಯಾವ ಇನ್ನೊಂದು? ಇರೋದೇ ಎರಡು."

"ಓ..." ಅವನು ಕಣ್ಣುಜ್ಜಿಕೊಂಡ. "ಬಿಸಿಲಿಗೆ ಏನೋ ಆಯ್ತು. ಬನ್ನಿ."

ಎರಡು ವರ್ಷದ ಹಿಂದೆ ಮೂರಿದ್ದವು. ಆ ಮಾತನ್ನು ಅವಳು ಈ ಕಡೆಯ ರಸ್ತೆಗಳಲ್ಲಿ ಯಾರಿಗೂ ಹೇಳಿರಲಿಲ್ಲ.

*ಇವನಿಗೆ ಹೇಗೆ ಗೊತ್ತಾಯಿತು?*

ಆದರೆ ವಾಪಸು ಹೋಗುವ ಹಾಗಿರಲಿಲ್ಲ. ಎರಡು ದಿನದ ದಾರಿಯಾಚೆ ಒಂದು ದೊಡ್ಡ ರಂಗಮಂದಿರದಲ್ಲಿ ಪರದೆ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಶುಕ್ರವಾರ ಮನೆ ಖಾಲಿ ಮಾಡಬೇಕು. ನಾಯಿಗಳನ್ನು ಬಸ್ಸಿಗೆ ಹತ್ತಿಸುವುದಿಲ್ಲ. ಅಕ್ಕ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಶುಕ್ರವಾರ ಹನ್ನೊಂದಕ್ಕೆ ನಾಯಿ ಸಾಕುವ ಕೇಂದ್ರದ ವ್ಯಾನು ಬರುತ್ತದೆ, ಅಷ್ಟರೊಳಗೆ ನಿನ್ನ ಮಕ್ಕಳು ಯಾವುದಾದರೂ ಕಾರು ಹತ್ತಿದರೆ ಸರಿ, ಇಲ್ಲದಿದ್ದರೆ ಪಂಜರ, ಅಂತ.

ಅದೇ ತೊಡಕು. ಎರಡು ವರ್ಷದಿಂದ ಆ ನಾಯಿಗಳು ಯಾವ ಗಾಡಿಯೊಳಗೂ ಕಾಲಿಟ್ಟಿರಲಿಲ್ಲ.

ಹಿರಿಯವನಿಗೆ ಅಜ್ಜ ಎಂದು ಹೆಸರು. ಕಂದು ಮೈ, ಹಿಂಗಾಲಲ್ಲಿ ಕಸುವಿಲ್ಲ. ಕಿರಿಯವಳು ಪುಟ್ಟಿ, ಮಸಿಯಂಥ ಕಪ್ಪು. ಅವೆರಡೂ ನಡೆಯುವಾಗ ನಡುವೆ ಒಂದು ನಾಯಿಯಷ್ಟು ಜಾಗ ಬಿಟ್ಟೇ ನಡೆಯುತ್ತಿದ್ದವು. ಮಲಗುವಾಗಲೂ ಹಾಗೇ.

ಅಂಗಳದ ಯಜಮಾನರು, ಅಳತೆಗಾರನ ಚಿಕ್ಕಪ್ಪ, ಗೇಟಿನ ಬಳಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಆ ಚಾಳಿ ಬಿಟ್ಟಿರಲಿಲ್ಲ. ಯಾವ ಕಾರು ಗೇಟು ದಾಟಿದರೂ ಒಳಗಿರುವ ತಲೆಗಳನ್ನು ಎಣಿಸಿ ಗಟ್ಟಿಯಾಗಿ ಹೇಳಿ, ಬಾಗಿಲು ತಟ್ಟಿ ಕಳಿಸಿಯೇ ಅವರಿಗೆ ಸಮಾಧಾನ.

"ಮನುಷ್ಯರು ಬಣ್ಣ ನೋಡಿ ಬೀಳ್ತಾರಮ್ಮ," ಎಂದರು. "ನಾಯಿಗಳು ಮೂಸಿ ನೋಡ್ತಾವೆ. ಇವಕ್ಕೆ ಟೋಪಿ ಹಾಕೋಕಾಗಲ್ಲ."

ಅಳತೆಗಾರ ಮಂಡಿಯೂರಿ ಟೇಪು ಬಿಚ್ಚಿದ. ಅಜ್ಜ ಹಲ್ಲು ತೋರಿಸಿತು. ಹೊಸಬರ ಕೈಯನ್ನು ಅದು ಹತ್ತಿರ ಸೇರಿಸುತ್ತಿರಲಿಲ್ಲ. ಅವಳೇ ತನ್ನ ಚೀಲದ ಟೇಪು ತೆಗೆದು ಅಳೆದು ಹೇಳುತ್ತಾ ಹೋದಳು, ಅವನು ಕಾರಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ.

ಆಮೇಲೆ ಒಂದೊಂದೇ ಕಾರು. ಎಲ್ಲರೂ ಕಾರಿನ ಗುಣ ಹೇಳಿದರೆ ಅವನು ದೋಷವನ್ನೇ ಹೇಳುತ್ತಿದ್ದ. ಇದರ ಹಿಂದಿನ ಗಾಜು ಇಳಿಜಾರು, ಪುಟ್ಟಿ ತಲೆಯೆತ್ತಿದರೆ ತಗಲುತ್ತದೆ. ಅದು ಎತ್ತರ, ಅಜ್ಜನ ಕಾಲಿಗೆ ಆಗದು. ಇನ್ನೊಂದರ ಸೀಟು ಮಡಚಿದರೂ ನೆಲ ಸಪಾಟಾಗುವುದಿಲ್ಲ, ಮುದಿ ಸೊಂಟ ನೋಯುತ್ತದೆ.

ಹಿಂದೆ ಉದ್ದ ಡಿಕ್ಕಿಯಿದ್ದ ಕಾರಿನ ಮುಂದೆ ಅವನು ನಿಲ್ಲಲೇ ಇಲ್ಲ.

"ಇದು ಬೇಡ. ಮುಚ್ಚಿದ್ರೆ ಗಾಳಿ ಇಲ್ಲ," ಎಂದಷ್ಟೇ ಹೇಳಿ ಮುಂದೆ ನಡೆದ.

ಅವಳು ಆ ಡಿಕ್ಕಿಯ ಕಡೆ ನೋಡದೆ ದಾಟಿದಳು. ಆದರೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಗಂಟು ಸಡಿಲವಾದ ಹಾಗಾಯಿತು. *ನನ್ನ ಹಾಗೆಯೇ ಹೆದರುವವನು ಇನ್ನೊಬ್ಬನಿದ್ದಾನೆ...*

ಕೊನೆಗೆ ಗೋಡೆಯ ಪಕ್ಕ ಒಂದು ಬೂದಿ ಬಣ್ಣದ ಕಾರು. ಉದ್ದ, ನೆಲಕ್ಕೆ ಹತ್ತಿರ, ಹಿಂದೆಯೂ ಎತ್ತರದ ಚಾವಣಿ. ಹಿಂಬಾಗಿಲ ಹೊಸ್ತಿಲು ಅವಳ ಮೊಣಕಾಲಿಗಿಂತ ಕೆಳಗೆ. ಸೀಟು ಮಡಚಿದರೆ ಮಂಚದಷ್ಟು ಸಪಾಟು.

ಅಳತೆಗಾರ ಒಳಗಿನ ರಬ್ಬರ್ ಹಾಸಿನ ಮೇಲೆ ಬಗ್ಗಿದ. ಅಂಗಳದಲ್ಲಿ ಒರಗಿದ್ದ ನಾಯಿಗಳನ್ನು ನೋಡುತ್ತ, ಅವು ಮಲಗಿದರೆ ಎಷ್ಟು ಜಾಗ ಹಿಡಿಯುತ್ತವೆಂದು ಗೆರೆ ಎಳೆದ. ಅದು ಅವನ ಕೆಲಸದ ರೀತಿ. ಎಡಗಡೆ ಅಜ್ಜ. ಬಲಗಡೆ ಪುಟ್ಟಿ.

ಎಳೆದು ಮುಗಿಸಿ ಅವನೇ ಹುಬ್ಬು ಗಂಟಿಕ್ಕಿದ. ಮತ್ತೆ ಟೇಪು ಹಿಡಿದ. ಅವಳು ಕೊಟ್ಟ ಅಳತೆಯ ಪ್ರಕಾರ ನಡುವೆ ಮೂರಿಂಚು ಉಳಿಯಬೇಕಿತ್ತು. ಉಳಿದಿದ್ದು ಒಂದೂಕಾಲು ಅಡಿ.

ಅವಳು ಇಣುಕಿದಳು. ಎರಡು ಗೆರೆಗಳ ನಡುವೆ ಖಾಲಿ ಜಾಗ... ಮೈ ಮುದುಡಿ ಮಲಗಿದ ಒಂದು ನಾಯಿಯ ಆಕಾರ.

ಅಜ್ಜ ಮುಂಗಾಲು ಹೊಸ್ತಿಲ ಮೇಲಿಟ್ಟು ಆ ಖಾಲಿ ಜಾಗವನ್ನು ಮೂಸಿತು. ಮೆಲ್ಲಗೆ ಬಾಲ ಆಡಿಸಿತು.

ಚಿಕ್ಕಪ್ಪ ಸ್ಟೂಲಿನಿಂದ ಎದ್ದು ನಿಂತರು.

"ಯಾರು ಹೇಳಿದ್ರು ನಿಮಗೆ?" ಅವಳು ಅವನ ಕಡೆ ತಿರುಗಿದಳು. "ಅಕ್ಕ ಫೋನ್ ಮಾಡಿದ್ಲಾ? ನನ್ನ ನೋವು ಕೆದಕಿ ಕಾರು ಮಾರ್ತೀರಾ?"

ಅವನಿಗೆ ತಲೆಬುಡ ತಿಳಿಯಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಅವಳು ಗೇಟು ದಾಟಿದ್ದಳು.

ಮಂಗಳವಾರ ಪೂರ್ತಿ ಬೇರೆ ಅಂಗಳಗಳನ್ನು ಸುತ್ತಿದಳು. ಎಲ್ಲಿ ಹೋದರೂ ನಾಯಿಗಳು ನೆಲಕ್ಕೆ ಉಗುರು ಊರಿ ಕೂತವು. ಒಂದು ಕಡೆಯವನಂತೂ ಅಜ್ಜನನ್ನು ಎತ್ತಿ ಎಸೆಯಲು ಹೋಗಿ ಕಚ್ಚಿಸಿಕೊಂಡ. ಬೇಡವೆಂದರೂ ಅವಳ ಮನಸ್ಸು ಬೂದಿ ಕಾರಿನ ಹತ್ತಿರವೇ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಂಡಿಯೂರಿ ಕೂತು ಅಜ್ಜನ ಹಲ್ಲಿನ ಮುಂದೆಯೂ ಕೈ ಹಿಂದೆಗೆಯದ ಆ ಮನುಷ್ಯನ ಹತ್ತಿರ.

ಬುಧವಾರ ಮಧ್ಯಾಹ್ನ ಮತ್ತೆ ಹೋದಳು. ಅವನು ಅಜ್ಜನ ಕಾಲಿಗೆಂದು ಹಲಗೆಗೆ ಗೋಣಿ ಹೊಡೆದು ಇಳಿಜಾರು ಮಾಡಿಟ್ಟಿದ್ದ. ಮುಂದಿನ ಸೀಟಿನ ಹಿಂದೆ ಜಾಲರಿ ಬಿಗಿದಿದ್ದ.

ಅವಳು ಹಿಂಬಾಗಿಲು ತೆಗೆದಳು. ನಡುವಿನ ಜಾಗದ ಅಂಚಿನ ಸೀಮೆಸುಣ್ಣ ಅಳಿಸಿತ್ತು. ಯಾರೋ ಮೈ ಉಜ್ಜಿದ ಹಾಗೆ. ಅಂಗೈ ಇಟ್ಟು ನೋಡಿದಳು.

ಬೆಚ್ಚಗಿತ್ತು.

ಎರಡೂ ಪಕ್ಕ ಮುಟ್ಟಿದಳು. ತಣ್ಣಗಿದ್ದವು. ನಡುವೆ ಮಾತ್ರ ಈಗಷ್ಟೇ ಎದ್ದುಹೋದ ಮೈಯ ಶಾಖ.

"ಇದರೊಳಗೆ ಯಾರಾದ್ರೂ ಹತ್ತಿದ್ರಾ?"

ಅಳತೆಗಾರ ಕೈಯಲ್ಲಿದ್ದ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಇಲ್ಲ. ಬೆಳಗ್ಗೆಯಿಂದ ಯಾರೂ ಮುಟ್ಟಿಲ್ಲ."

ಆಗ ಅಜ್ಜ ತಾನಾಗಿ ಹಲಗೆಯ ಮೇಲೆ ಎರಡು ಹೆಜ್ಜೆ ಹತ್ತಿತು. ಗದ್ದವನ್ನು ಆ ಬೆಚ್ಚಗಿನ ಜಾಗದ ಅಂಚಿಗೆ ಇಟ್ಟು ಕಣ್ಣು ಮುಚ್ಚಿತು. ಯಾವ ಗಾಡಿಯನ್ನೂ ಮುಟ್ಟದ ನಾಯಿ! ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಹೆದರಿಕೆಯಾಯಿತು.

*ನಡುವಿನವನು ಕರೆಯುತ್ತಿದ್ದಾನೆ. ಇವರನ್ನೂ ತನ್ನ ಹತ್ತಿರ ಕರೆದುಕೊಳ್ಳುತ್ತಾನೆ...*

ಹಗ್ಗ ಜಗ್ಗಿ ಇಬ್ಬರನ್ನೂ ಎಳೆದುಕೊಂಡು ಹೊರಟುಬಿಟ್ಟಳು.

ಗುರುವಾರ ಒಂದೇ ದಿನ ಉಳಿದಿತ್ತು. ಮನೆಯಲ್ಲಿ ಪೆಟ್ಟಿಗೆಗಳ ನಡುವೆ ಕೂತು ಪುಟ್ಟಿಯ ತಲೆ ಸವರುತ್ತ ಒಂದು ತೀರ್ಮಾನಕ್ಕೆ ಬಂದಳು. ಆ ಕಾರು ಬೇಡ. ಪಂಜರವಾದರೂ ಸರಿ, ಜೀವ ಉಳಿಯಲಿ. ಇಷ್ಟು ಮಾಡಿದವನಿಗೆ ಬಾಯಿಮಾತಿಗಾದರೂ ಹೇಳಿ ಬರಬೇಕೆಂದು ಹನ್ನೆರಡರ ಬಿಸಿಲಲ್ಲಿ ಅಂಗಳಕ್ಕೆ ಬಂದಳು.

ಗೇಟಿನ ಸ್ಟೂಲ್ ಖಾಲಿ. ನರಪಿಳ್ಳೆ ಇಲ್ಲ.

ಅಂಗಳದ ಆ ತುದಿಯಲ್ಲಿ ಬೂದಿ ಬಣ್ಣದ ಕಾರು ಗಾಜು ಏರಿಸಿಕೊಂಡು ಸುಮ್ಮನೆ ಸುತ್ತು ಹಾಕುತ್ತಿತ್ತು. ನಿಧಾನ, ನಡಿಗೆಯಷ್ಟೇ ನಿಧಾನ. ಒಂದು ಸುತ್ತು. ಇನ್ನೊಂದು ಸುತ್ತು.

ಕಾರು ತಿರುಗಿದಾಗ ಹಿಂದಿನ ಗಾಜಿನೊಳಗೆ ಅವಳು ಅದನ್ನು ಕಂಡಳು. ಸರಿಯಾಗಿ ನಡುವಿನ ಜಾಗದಲ್ಲಿ, ಮೈ ಮುದುಡಿ ಮಲಗಿದ ಏನೋ ಒಂದು. ಅಲುಗಾಟವಿಲ್ಲ.

ನಾಯಿಗಳು ಬೊಗಳಲಿಲ್ಲ. ಎರಡೂ ಬಾಲ ಆಡಿಸುತ್ತಿದ್ದವು.

ಹೆದರಿಕೆ ಎಲ್ಲಿ ಹೋಯಿತೋ ಅವಳಿಗೆ ಗೊತ್ತಿಲ್ಲ. ಹಗ್ಗಗಳು ಕೈಜಾರಿದವು. ಓಡಿದಳು. ಕಾರಿಗೆ ಅಡ್ಡ ನಿಂತಳು. ಬ್ರೇಕು ಕಿರುಗುಟ್ಟಿತು. ಸ್ಟೀರಿಂಗ್ ಮುಂದೆ ಚಿಕ್ಕಪ್ಪ ಕಕ್ಕಾಬಿಕ್ಕಿಯಾಗಿ ಕೂತಿದ್ದರು. ಅವಳು ಸುತ್ತಿ ಬಂದು ಎರಡೂ ಕೈಯಿಂದ ಗಾಜು ಬಡಿದಳು, ಬಾಗಿಲು ಕಿತ್ತು ತೆಗೆದಳು.

ಒಳಗೆ ಅಳತೆಗಾರ. ಮೊಣಕಾಲು ಎದೆಗೆ ಒತ್ತಿಕೊಂಡು, ಬೆವರಿನಲ್ಲಿ ತೊಯ್ದು, ಕೈಯಲ್ಲಿ ಶಾಖ ಅಳೆಯುವ ಗಾಜಿನ ಕಡ್ಡಿ ಹಿಡಿದು ಮಲಗಿದ್ದ.

"ನೀವಾ..." ಅವಳು ಹಿಂಬಾಗಿಲ ಹೊಸ್ತಿಲ ಮೇಲೆ ಕೂತಳು.

ಅವನು ನಾಚಿ ಎದ್ದು ಕೂತ. ನಾಯಿಗೆಂದು ಕಾರು ಕೊಡುವಾಗ ಯಾವತ್ತೂ ಹೀಗೇ ಮಾಡುತ್ತಾನಂತೆ. ನಡುಹಗಲಲ್ಲಿ ನಾಯಿಯ ಜಾಗದಲ್ಲಿ ಒಂದು ಗಂಟೆ ಮಲಗುತ್ತಾನೆ. ಮುಂದಿನ ಎ.ಸಿ. ತಂಪು ಹಿಂದಿನವರೆಗೆ ಬರುತ್ತದೋ, ಹೊಗೆ ನುಗ್ಗುತ್ತದೋ ನೋಡಲು.

"ಉಸಿರು ಕಟ್ಟಿದ್ರೆ ನಾಯಿ ಬಾಯಿಬಿಟ್ಟು ಹೇಳಲ್ಲ," ಎಂದ. "ನಾನಾದ್ರೆ ಹೇಳಬಹುದಲ್ಲ."

"ನಿನ್ನೆ ಯಾರೂ ಮುಟ್ಟಿಲ್ಲ ಅಂದ್ರಿ."

"ನಾಯಿ ಜಾಗದಲ್ಲಿ ಮಲಗಿದ್ದೆ ಅಂತ ನಿಮ್ಮ ಮುಂದೆ ಹೇಗೆ ಹೇಳ್ಲಿ?"

ಅವಳಿಗೆ ನಗು ಬರಬೇಕಿತ್ತು. ಅಳು ಬಂತು. ಎರಡು ವರ್ಷ ಒಳಗೇ ಹೆಪ್ಪುಗಟ್ಟಿದ್ದು ಅಲ್ಲೇ, ಆ ಹೊಸ್ತಿಲ ಮೇಲೆ ಕೂತಾಗ ಕರಗಿತು.

ಅವತ್ತು ಅವಳೂ ಭಾವನೂ ಮೂರು ನಾಯಿಗಳನ್ನೂ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಭಾವನ ಕಾರು. ಹಿಂದಿನ ಸೀಟಿನಲ್ಲಿ ಎರಡಕ್ಕೇ ಜಾಗ. ಮೂರನೆಯವನನ್ನು ಡಿಕ್ಕಿಯಲ್ಲಿ ಕೂರಿಸಿದರು, ಹತ್ತು ನಿಮಿಷದ ದಾರಿಯಲ್ಲವೇ ಅಂತ. ದಾರಿಯಲ್ಲಿ ಗಾಡಿಗಳು ಸಿಕ್ಕಿಹಾಕಿಕೊಂಡು ಒಂದೂವರೆ ಗಂಟೆ ಬಿಸಿಲು.

"ಡಿಕ್ಕಿ ಮುಚ್ಚಿದ್ದು ನಾನೇ," ಎಂದಳು. "ಭಾವ ಅಲ್ಲ. ಈ ಕೈಯಿಂದ ನಾನೇ. ಮುಚ್ಚುವಾಗ ಅವನು ನನ್ನ ಮುಖಾನೇ ನೋಡ್ತಿದ್ದ."

ಅವನು ಬೆವರಿನ ಕೈಯನ್ನು ಪ್ಯಾಂಟಿಗೆ ಒರೆಸಿ, ಅವಳ ಕೈಯ ಪಕ್ಕದಲ್ಲಿ ಇಟ್ಟ. ಅಷ್ಟೇ.

ಅಷ್ಟರಲ್ಲಿ ಪುಟ್ಟಿ ಚಂಗನೆ ಒಳಗೆ ಹಾರಿತು. ಅಜ್ಜ ಮುಂಗಾಲು ಹೊಸ್ತಿಲ ಮೇಲಿಟ್ಟು ಹಿಂತಿರುಗಿ ಅವಳನ್ನು ನೋಡಿತು. ಹಳೆಯ ರೂಢಿಯಂತೆ ಅವಳ ಕೈ ಅದರ ಹಿಂಗಾಲನ್ನು ಎತ್ತಿತು. ಎರಡೂ ಹೋಗಿ ಅಳತೆಗಾರನ ಎಡಬಲಕ್ಕೆ ಮಲಗಿದವು, ಗೆರೆ ಎಳೆದಲ್ಲೇ.

ಚಿಕ್ಕಪ್ಪ ತಿರುಗಿ ನೋಡಿ, ಕಣ್ಣೊರೆಸಿಕೊಂಡು, ಇವನನ್ನು ಮಾರುವ ಯೋಚನೆ ಇರಲಿಲ್ಲ, ಈಗ ಕಾರಿನ ಜೊತೆ ಕೊಡಲೇಬೇಕಾಯಿತಲ್ಲ ಎಂದು ಗೊಣಗಿದರು.

"ಆದ್ರೆ ಆ ಒಂದೂಕಾಲು ಅಡಿ ಮಾತ್ರ ನನಗೆ ಅರ್ಥ ಆಗಿಲ್ಲ," ಎಂದ ಅಳತೆಗಾರ. "ನೀವು ಕೊಟ್ಟ ಅಗಲಕ್ಕೆ ಮೂರೇ ಇಂಚು ಸೇರಿಸಿ ನಾನು ಕಾರು ಹುಡುಕಿದ್ದು. ಕೈ ತೂರಲಿ ಅಂತ."

ಅವಳು ತಟ್ಟನೆ ತಲೆಯೆತ್ತಿದಳು. "ನಾನೂ ಸೇರಿಸಿದ್ದೆ."

ಪರದೆ ಹೊಲಿಯುವವರು ಬರೀ ಅಳತೆ ಹೇಳುವುದಿಲ್ಲ. ಮಡಿಕೆಗೆಂದು ಈ ಪಕ್ಕ ಮೂರು, ಆ ಪಕ್ಕ ಮೂರು ಸೇರಿಸಿಯೇ ಬಾಯಿಗೆ ಬರುತ್ತದೆ. ಅವನು ಗೆರೆ ಎಳೆದಿದ್ದು ಬರೀ ಮೈಯಷ್ಟಕ್ಕೆ. ಒಬ್ಬೊಬ್ಬರಿಗೆ ಆರಿಂಚು, ಇಬ್ಬರಿಗೆ ಹನ್ನೆರಡು, ಅವನದು ಮೂರು. ಒಂದೂಕಾಲು ಅಡಿ. ಅವಳು ಬಿಟ್ಟಿದ್ದೂ ಅವನು ಬಿಟ್ಟಿದ್ದೂ ಕೂಡಿ ನಡುವೆ ಆ ಜಾಗವಾಗಿತ್ತು.

"ಅಬ್ಬ..." ಅವನು ಉಸಿರು ಬಿಟ್ಟ.

ಅವಳು ಗೆರೆಯ ಮೇಲೆ ಬೆರಳಾಡಿಸಿದಳು. "ನಡುವಿನವನ ಹಾಸಿಗೆ ಹೊಲಿದಿದ್ದು ನಾನು. ಅಗಲ ಹದಿನೈದು ಇಂಚು."

ಒಂದೂಕಾಲು ಅಡಿಯೆಂದರೆ ಎಷ್ಟು ಇಂಚು ಎಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಅವಳೇ ಕೇಳಿದಳು. "ಮೊದಲ ದಿನ ಇನ್ನೊಂದೆಲ್ಲಿ ಅಂದ್ರಲ್ಲ. ಯಾಕೆ?"

ಅವನು ಸುಳ್ಳು ಹೇಳಲು ನೋಡಿ ಬಿಟ್ಟುಬಿಟ್ಟ.

"ಗೇಟಲ್ಲಿ ನೀವು ಬರುವಾಗ ಮೂರಿದ್ವು. ನಡುವಿನದಕ್ಕೆ ಎದೆ ಬಿಳಿ. ಒಂದು ಕಿವಿ ಮಡಚಿತ್ತು."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಿಳಿ ಎದೆ... ಮಡಚಿದ ಎಡಗಿವಿ...

ಕೈ ತೆಗೆದು, "ಕೋಪ ಮಾಡಿಕೊಂಡ ಹಾಗಿತ್ತಾ?" ಎಂದಳು.

"ಇಲ್ಲ. ನಿಮ್ಮ ಸೆರಗು ಮೂಸ್ತಾ ಇತ್ತು."

ನಡುವೆ ಒಬ್ಬರಿದ್ದರೆ ಮಾತ್ರ ನಾಯಿಗಳು ಹತ್ತುತ್ತವೆಂದಾಯಿತು. ಹಾಗಾಗಿ ಎರಡು ದಿನದ ದಾರಿ ಅಳತೆಗಾರ ಹಿಂದೆ ಮಲಗಿ ಬರುವುದು, ಅವಳು ಓಡಿಸುವುದು, ಅವರನ್ನು ಮುಟ್ಟಿಸಿ ಅವನು ಬಸ್ಸಿನಲ್ಲಿ ಮರಳುವುದು, ಹೀಗೆ ಮಾತಾಯಿತು. ಅಕ್ಕನಿಗೆ ವ್ಯಾನು ಬೇಡವೆಂದು ಹೇಳಿಯಾಯಿತು.

ಶುಕ್ರವಾರ ಬೆಳಗ್ಗೆ ಅವನು ತಲೆದಿಂಬು ಹಿಡಿದು ಬಂದ. ಅಷ್ಟರಲ್ಲಿ ನಾಯಿಗಳು ಹಲಗೆ ಹತ್ತಿ ತಮ್ಮ ತಮ್ಮ ಗೆರೆಯೊಳಗೆ ಮಲಗಿಬಿಟ್ಟಿದ್ದವು. ಯಾರೂ ಕರೆದಿರಲಿಲ್ಲ. ನಡುವೆ ಹದಿನೈದು ಇಂಚು ಖಾಲಿ.

ಅವನು ಅಲ್ಲಿಗೆ ಕಾಲಿಡಲು ಹೋದ. ಅಜ್ಜ ತಲೆಯೆತ್ತದೆ, ಕೋಪವಿಲ್ಲದೆ, ಗಂಟಲಲ್ಲೇ ಸಣ್ಣಗೆ ಗುರ್ ಎಂದಿತು. ಇಲ್ಲಿ ಆಗಲೇ ಒಬ್ಬರಿದ್ದಾರೆ ಎಂದ ಹಾಗೆ.

ಅವನು ಕಾಲು ಹಿಂದೆ ತೆಗೆದ. ತಲೆದಿಂಬು ಎದೆಗೆ ಅವಚಿಕೊಂಡು ನಿಂತ.

"ನನ್ನ ಜಾಗ ಹೋಯ್ತು."

ಅವಳು ಸ್ಟೀರಿಂಗ್ ಮುಂದೆ ಕೂತಿದ್ದಳು. ಅವನ ಕಡೆ ತಿರುಗಲಿಲ್ಲ. ಕೈ ಚಾಚಿ ಪಕ್ಕದ ಬಾಗಿಲು ತೆಗೆದಳು.

"ಇಲ್ಲೊಂದು ಖಾಲಿ ಇದೆ."

"ಎಷ್ಟು ದೂರಕ್ಕೆ?"

"ಅದನ್ನಾದ್ರೂ ಅಳೀದೆ ಬನ್ನಿ."

ಅವನು ಹತ್ತಿ ಕೂತ. ಟೇಪು ಅಂಗಳದ ಗೋಡೆಯ ಮೇಲೇ ಉಳಿಯಿತು.

ಗೇಟಿನಲ್ಲಿ ಚಿಕ್ಕಪ್ಪ ಕಾರು ನಿಲ್ಲಿಸಿದರು. ಬಗ್ಗಿ ಮುಂದೆ ನೋಡಿದರು, ಹಿಂದೆ ನೋಡಿದರು, ಬೆರಳು ಮಡಚಿದರು. ಮತ್ತೊಮ್ಮೆ ಹಿಂದೆ ನೋಡಿದರು. ಆಮೇಲೆ ಬಾಗಿಲು ತಟ್ಟಿ ಗಟ್ಟಿಯಾಗಿ ಹೇಳಿದರು.

"ಐದು. ಹೋಗಲಿ, ರೈಟ್."

ಅವರನ್ನು ಯಾರೂ ತಿದ್ದಲಿಲ್ಲ. ಆ ಶುಕ್ರವಾರ, ಬೆಳಗ್ಗೆ ಎಂಟು ಗಂಟೆಗೆ, ಅವರು ಐದೂ ಮಂದಿ ಹೊರಟುಹೋದರು.