ಇಪ್ಪತ್ತೇಳನೇ ಬಿಲ್ಲೆ

ಹನ್ನೊಂದನೇ ತಾರೀಕು, ಶನಿವಾರ. ಸಂಜೆ ಆರು ಗಂಟೆ ಮೂವತ್ತೈದು ನಿಮಿಷಕ್ಕೆ ಬಂದರು ಠಾಣೆಗೆ ಒಬ್ಬ ಹೆಂಗಸು ಬಂದು, ಬೆಳಿಗ್ಗೆ ದ್ವೀಪ ನೋಡಲು ದೋಣಿಯಲ್ಲಿ ಹೋದ ತನ್ನ ಅಕ್ಕ ಇನ್ನೂ ಮನೆಗೆ ಬಂದಿಲ್ಲ ಎಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಅಕ್ಕನ ಫೋನು. ನೀರಿಗೆ ಬಿದ್ದೀತೆಂದು ಅಕ್ಕ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು.

ಇನ್‌ಸ್ಪೆಕ್ಟರ್ ತಾನೇ ಬರೆದುಕೊಳ್ಳಲು ಕುಳಿತ.

"ವಯಸ್ಸು?"

"ಐವತ್ತೆಂಟು. ಟೈಲರ್ ಕೆಲಸ."

"ಜತೆಗೆ ಯಾರಿದ್ರು?"

"ಯಾರೂ ಇಲ್ಲ. ನಾನು ಹೋಗ್ಬೇಕಿತ್ತು." ತಂಗಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು, ಮತ್ತೆ ತೆಗೆದುಕೊಂಡಳು. "ಹೊರಡೋ ಹೊತ್ತಲ್ಲಿ ನನ್ನ ಟೋಪಿ ಹೊಲಿಗೆ ಸರಿಯಿಲ್ಲ, ಬಿಚ್ಚಿ ಹಾಕ್ಕೊಡ್ತೀನಿ ಅಂತ ಕೂತ್ಲು. ಸಮುದ್ರಕ್ಕೆ ಹೋಗೋ ದಿನಾನೂ ನಿನ್ನ ಕಣ್ಣಿಗೆ ಬರೀ ಹೊಲಿಗೇನೇ ಕಾಣೋದಾ, ಹೋಗು, ಒಬ್ಳೇ ಹೋಗು ಅಂದ್ಬಿಟ್ಟೆ."

"ಈಜು ಬರುತ್ತಾ?"

"ಬಕೆಟ್ ನೀರಿಗೂ ಹೆದರ್ತಾಳೆ ಸಾರ್."

ಆ ದೋಣಿ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಿಗ್ಗೆ ಒಂಬತ್ತಕ್ಕೆ ಜೆಟ್ಟಿ ಬಿಟ್ಟು ಸಂಜೆ ಐದಕ್ಕೆ ಮರಳುತ್ತದೆ. ನಡುವೆ ಮೂರು ಕಡೆ ಜನರನ್ನು ಇಳಿಸುತ್ತದೆ. ಮೊದಲು ತೆಂಗಿನ ಮರಗಳ ದ್ವೀಪ, ಊಟದ ಹೊತ್ತಿಗೆ ಬಿಳಿ ಮರಳಿನ ತೀರ, ಕೊನೆಗೆ ಮರಳುದಿಣ್ಣೆ. ಈ ದಿಣ್ಣೆ ನೀರು ಇಳಿದಾಗ ಮಾತ್ರ ಕಾಣುವ ಜಾಗ. ಉದ್ದಕ್ಕೆ ಮಲಗಿದ ಮರಳು, ಅದರ ತುದಿಯಲ್ಲಿ ಕಪ್ಪು ಬಂಡೆಗಳ ಗುಂಪು, ಬಂಡೆಯ ನಡುವೆ ದೋಣಿಗಳಿಗೆ ಎಚ್ಚರಿಕೆಗೆಂದು ನೆಟ್ಟ ಒಂದು ಕಬ್ಬಿಣದ ಕಂಬ. ಸಂಜೆ ಸಮುದ್ರ ಏರಿದರೆ ಕಂಬದ ತುದಿ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಇನ್‌ಸ್ಪೆಕ್ಟರ್ ದೋಣಿಯ ಕ್ಯಾಪ್ಟನ್‌ಗೆ ಫೋನು ಮಾಡಿದ. ಊರೆಲ್ಲ ಅವನನ್ನು ಮೀಸೆ ಎಂದೇ ಕರೆಯುತ್ತಿತ್ತು. ಜನರನ್ನು ಹತ್ತಿಸಿ ಇಳಿಸುವುದು ಎಲ್ಲರೂ ಗಡಿಯಾರ ಎಂದು ಕರೆಯುವ ತನ್ನ ಸಹಾಯಕನ ಕೆಲಸ, ಅವನನ್ನೇ ಕೇಳಿ ಎಂದು ಮೀಸೆ ನಂಬರು ಕೊಟ್ಟ. ಆರು ಐವತ್ತಕ್ಕೆ ಗಡಿಯಾರ ಫೋನು ಎತ್ತಿದ. ದೋಣಿಯಲ್ಲಿ ಹೋದ ಒಬ್ಬ ಹೆಂಗಸು ಮನೆಗೆ ಬಂದಿಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಿದ.

"ಹಲಗೆ ತುಂಬಿತ್ತು ಸಾರ್. ಎಲ್ಲರೂ ಹತ್ತಿದ್ರು."

ಹಲಗೆ ಎಂದರೆ ದೋಣಿಯ ಬಾಗಿಲ ಪಕ್ಕ ಮೊಳೆ ಹೊಡೆದಿಟ್ಟ ಮರದ ಹಲಗೆ. ನಲವತ್ತು ಮೊಳೆ, ನಲವತ್ತು ನಂಬರು ಬಿಲ್ಲೆ. ಇಳಿಯುವಾಗ ಪ್ರತಿಯೊಬ್ಬರೂ ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹತ್ತುವಾಗ ಅದೇ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಕಂಡರೆ ಯಾರೋ ಇನ್ನೂ ಹೊರಗಿದ್ದಾರೆ ಎಂದು ಅರ್ಥ. ಶನಿವಾರ ನಲವತ್ತೂ ಸೀಟು ತುಂಬಿದ್ದವು, ಮರಳುವಾಗ ನಲವತ್ತೂ ಮೊಳೆ ತುಂಬಿದ್ದವು.

ಹಾಗಾದರೆ ಹೆಂಗಸು ದಡಕ್ಕೆ ಬಂದಿದ್ದಾಳೆ, ಹುಡುಕಬೇಕಾದದ್ದು ಊರಿನಲ್ಲಿ ಎಂದು ಇನ್‌ಸ್ಪೆಕ್ಟರ್ ತೀರ್ಮಾನಿಸಿದ. ಮಹಿಳಾ ಪೇದೆ ಬಸ್ ನಿಲ್ದಾಣ ನೋಡಿದಳು, ಮೂರು ಆಸ್ಪತ್ರೆ ನೋಡಿದಳು, ಬಟ್ಟೆ ಅಂಗಡಿಗಳನ್ನೂ ಬಿಡಲಿಲ್ಲ. ಸಮುದ್ರದ ಕಡೆ ಯಾರೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಮೀನುಗಾರನೊಬ್ಬ ಠಾಣೆಗೆ ಫೋನು ಮಾಡಿದ. ಮರಳುದಿಣ್ಣೆಯ ಕಂಬಕ್ಕೆ ಏನೋ ಬಟ್ಟೆ ಸುತ್ತಿಕೊಂಡಿದೆ, ಹತ್ತಿರ ಹೋಗಿ ನೋಡಿದರೆ ಬರೀ ಬಟ್ಟೆಯಲ್ಲ ಎಂದ.

ನೀರು ಆಗಲೇ ಏರುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತು ಪಂಚನಾಮೆ ಬರೆದರು. ಕಾಗದ ಒದ್ದೆಯಾಗದಂತೆ ಹಿರಿಯ ಪೇದೆ ಅದನ್ನು ಎದೆಯ ಮಟ್ಟಕ್ಕೆ ಹಿಡಿದು ಬರೆದ. ಸತ್ತ ಹೆಂಗಸು ತನ್ನ ಹತ್ತಿ ಶಾಲಿನಿಂದ ಸೊಂಟವನ್ನು ಕಂಬಕ್ಕೆ ಕಟ್ಟಿಕೊಂಡಿದ್ದಳು. ಎರಡು ಸುತ್ತು, ಮೂರು ಗಂಟು. ಎಡಗಾಲಿನ ಹರಡು ಊದಿ ತಿರುಚಿಕೊಂಡಿತ್ತು. ಅಂಗಿಯ ಒಳಗೆ ಕೈಯಿಂದ ಹೊಲಿದ ಒಂದು ಒಳಜೇಬು, ಅದಕ್ಕೆ ಗುಂಡಿ. ಗುಂಡಿ ಬಿಚ್ಚಿದಾಗ ಒಂದು ಬಿಲ್ಲೆ ಸಿಕ್ಕಿತು. ನಂಬರು ಇಪ್ಪತ್ತೇಳು.

ಆಸ್ಪತ್ರೆಯಲ್ಲಿ ತಂಗಿ ಗುರುತು ಹಿಡಿದಳು. ಅಳಲಿಲ್ಲ. ಶಾಲು ಎಲ್ಲಿ ಎಂದು ಕೇಳಿದಳು. ಅದರಿಂದ ಸೊಂಟವನ್ನು ಕಂಬಕ್ಕೆ ಕಟ್ಟಿಕೊಂಡಿದ್ದಳು ಎಂದು ಮಹಿಳಾ ಪೇದೆ ಹೇಳಿದಳು.

"ಬದುಕ್ಬೇಕು ಅಂತ ಕಟ್ಕೊಂಡಿರಲ್ಲ," ಎಂದಳು ತಂಗಿ. "ಹುಡುಕೋರಿಗೆ ಕಷ್ಟ ಆಗ್ಬಾರ್ದು ಅಂತ ಕಟ್ಕೊಂಡಿರ್ತಾಳೆ. ಅವಳು ಹಂಗೇನೇ."

ಎಫ್‌ಐಆರ್ ದಾಖಲಾಯಿತು. ದೋಣಿಯನ್ನು ಜೆಟ್ಟಿಯಲ್ಲೇ ನಿಲ್ಲಿಸಿ, ಕೆಲಸಗಾರರು ಹಗಲೆಲ್ಲ ಅಲ್ಲೇ ಇರಬೇಕೆಂದು ಹೇಳಲಾಯಿತು. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ಹಿರಿಯ ಪೇದೆ ದೋಣಿ ಹತ್ತಿದರು. ಹಲಗೆಯ ಮೇಲೆ ಇಪ್ಪತ್ತೇಳನೇ ಮೊಳೆಯಲ್ಲಿ ಇಪ್ಪತ್ತೇಳನೇ ಬಿಲ್ಲೆ ತೂಗುತ್ತಿತ್ತು.

"ಒಂದೇ ನಂಬರಿನ ಎರಡು ಗಾಡಿ ಕಂಡ್ರೆ ಒಂದು ಕಳ್ಳಗಾಡಿ ಸಾರ್," ಎಂದ ಹಿರಿಯ ಪೇದೆ.

ಕಳ್ಳಗಾಡಿ ಯಾವುದೆಂದು ಹುಡುಕುವುದು ಕಷ್ಟವಾಗಲಿಲ್ಲ. ಉಳಿದ ಬಿಲ್ಲೆಗಳೆಲ್ಲ ಅಚ್ಚು ಹಾಕಿದ ನಂಬರಿನವು, ಕೈ ತಾಗಿ ತಾಗಿ ಅಂಚು ಸವೆದವು. ಇದನ್ನು ಬಣ್ಣದ ಡಬ್ಬದ ಮುಚ್ಚಳದಿಂದ ಕತ್ತರಿಸಿ, ನಂಬರನ್ನು ಕುಂಚದಲ್ಲಿ ಬರೆದಿದ್ದರು. ಏಳರ ನಡುವೆ ಒಂದು ಅಡ್ಡಗೆರೆ ಇತ್ತು.

ಮೀಸೆಗೆ ತೋರಿಸಿದರು. ತಾನು ಇಂಥದ್ದನ್ನು ನೋಡಿಯೇ ಇಲ್ಲ ಎಂದು ಅವನು ಬೆವರು ಒರೆಸಿಕೊಂಡ. ಗಡಿಯಾರ ಬಗ್ಗಿ ನೋಡಿ, ಗೊತ್ತಿಲ್ಲ ಎಂದ. ಎಂಜಿನ್ ನೋಡಿಕೊಳ್ಳುವವನು ಮಾತ್ರ ಸ್ವಲ್ಪ ಮಾತುಗಾರ. ಗಡಿಯಾರ ಎಂಬ ಹೆಸರು ಯಾಕೆ ಬಂತೆಂದು ಪೇದೆ ಕೇಳಿದ್ದಕ್ಕೆ, ಅವನನ್ನು ನೋಡಿ ಜೆಟ್ಟಿಯ ಅಂಗಡಿಯವರು ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಾರೆ, ಐದು ಹತ್ತರ ಬಸ್ಸಿಗೆ ಡ್ರೈವರ್ ತಪ್ಪಿದರೂ ಇವನು ತಪ್ಪುವುದಿಲ್ಲ ಎಂದು ನಕ್ಕ. ನಕ್ಕಮೇಲೆ ನಗಬಾರದಿತ್ತೆಂದು ತಲೆ ತಗ್ಗಿಸಿದ.

ಮಧ್ಯಾಹ್ನವೆಲ್ಲ ಇನ್‌ಸ್ಪೆಕ್ಟರ್ ದೋಣಿಯ ಹಳೆಯ ದಿನಚರಿ ಪುಸ್ತಕಗಳನ್ನು ತಿರುವಿಹಾಕಿದ. ನಾಲ್ಕು ವರ್ಷದ ಹಿಂದೆ ದೋಣಿ ಮರಳುದಿಣ್ಣೆ ಬಿಡಬೇಕಾದ ಹೊತ್ತು ಮೂರು ಐವತ್ತು, ಬಿಟ್ಟದ್ದು ಒಂದು ದಿನ ನಾಲ್ಕು ಐದಕ್ಕೆ, ಇನ್ನೊಂದು ದಿನ ನಾಲ್ಕು ಹತ್ತಕ್ಕೆ. ಈಚಿನ ಮೂರು ವರ್ಷದಲ್ಲಿ ಎಲ್ಲ ದಿನವೂ ಮೂರು ಐವತ್ತು. ಒಂದು ನಿಮಿಷವೂ ಆಚೀಚೆಯಿಲ್ಲ. ದ್ವೀಪಕ್ಕೆ ಹೋದ ಜನ ಅಷ್ಟು ಶಿಸ್ತಿನವರಾಗಿರುವುದನ್ನು ಅವನು ತನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಮೂರು ವರ್ಷದ ಹಿಂದೆ ಏನಾಯ್ತು?" ಎಂದು ಮೀಸೆಯನ್ನು ಕೇಳಿದ.

ಅದಕ್ಕೆ ಕೆಲವು ತಿಂಗಳ ಮೊದಲು ಗಡಿಯಾರನ ಹೆಂಡತಿ ಇದೇ ದೋಣಿಯಲ್ಲಿ ಅಡುಗೆಗಿದ್ದಳು, ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಳು, ಅಂದಿನಿಂದ ಹಾಸಿಗೆಯಲ್ಲೇ ಇದ್ದಾಳೆ ಎಂದ ಮೀಸೆ.

ಸೋಮವಾರ ಶವಪರೀಕ್ಷೆಯ ವರದಿ ಬಂತು. ಹರಡಿನ ಮೂಳೆ ಬಂಡೆಯ ಮೇಲೆ ಜಾರಿ ಮುರಿದದ್ದು. ಜೀವ ಹೋದದ್ದು ನೀರಿನಲ್ಲಿ ಮುಳುಗಿ, ಅಂದರೆ ಶನಿವಾರ ಸಂಜೆ ಏಳು ನಲವತ್ತೈದರ ನಂತರ. ಬಂಡೆ ಪೂರ್ತಿ ಮುಳುಗುವ ಹೊತ್ತು ಅದು. ಇನ್‌ಸ್ಪೆಕ್ಟರ್ ವರದಿಯನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡ.

ಸಂಜೆ ಐದೂಕಾಲಿಗೆ ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಪೇದೆಗಳು ಮಾಮೂಲಿ ಬಟ್ಟೆಯಲ್ಲಿ ಗಡಿಯಾರನ ಮನೆಗೆ ಹೋದರು. ಒಂದೇ ಕೋಣೆ, ಹಿಂದೆ ಅಡುಗೆಗೆ ಸಣ್ಣ ಜಾಗ. ಕಿಟಕಿಯ ಕೆಳಗೆ ಮಂಚ. ಮಂಚದ ಮೇಲಿನ ಹೆಂಗಸು, ಬಂದರಿನ ಕಡೆಯವರು ಎಂದು ಕೇಳಿ ಸಂತೋಷಪಟ್ಟಳು. ಅವಳಿಗೆ ಯಾವ ಸುದ್ದಿಯೂ ತಲುಪಿರಲಿಲ್ಲ. ಎದುರು ಗೋಡೆಗೆ ರಟ್ಟು ಅಂಟಿಸಿ ಅದರ ಮೇಲೆ ಕುಂಚದಲ್ಲಿ ಹೊತ್ತು ಬರೆದಿತ್ತು. 7:40, 9:40, 11:40, ಹೀಗೆ ಎರಡೆರಡು ಗಂಟೆಗೆ. ಏಳರ ನಡುವೆ ಅಡ್ಡಗೆರೆ.

"ಅದು ನನ್ನ ಮಗ್ಗುಲು ತಿರುಗಿಸೋ ಟೈಮು," ಎಂದಳು ಹೆಂಗಸು. "ಮೂರು ನಲವತ್ತರ ತನಕ ಪಕ್ಕದ ಮನೆಯವಳು ನೋಡ್ಕೋತಾಳೆ, ಆಮೇಲೆ ಅವಳು ಕೆಲಸಕ್ಕೆ ಹೋಗ್ಬೇಕು. ಐದು ನಲವತ್ತು ಇವರದ್ದು."

ಅವಳು ಬಿದ್ದ ಮೊದಲ ತಿಂಗಳಲ್ಲಿ ಒಂದು ಸಂಜೆ ದೋಣಿ ತಡವಾಗಿ, ಬಸ್ಸು ತಪ್ಪಿ, ಅವನು ಬರುವಾಗ ರಾತ್ರಿಯಾಗಿತ್ತಂತೆ. ಅದಕ್ಕೂ ಮೊದಲೇ ಕೆಂಪಾಗಿದ್ದ ಬೆನ್ನು ಅಂದು ಒಡೆದು ಹುಣ್ಣಾಯಿತು. ಎರಡು ತಿಂಗಳು ಆಸ್ಪತ್ರೆ. ಅಷ್ಟು ದಿನವೂ ಅವನು ಊಟ ಬಿಟ್ಟವನ ಹಾಗೆ ಇದ್ದನಂತೆ. "ಅಲ್ಲಿಂದ ಒಂದು ದಿನಾನೂ ತಡ ಮಾಡಿಲ್ಲ. ನಾನಿದ್ದಾಗ ಬಿಲ್ಲೆ ಗಿಲ್ಲೆ ಇರ್ಲಿಲ್ಲ, ನಾನೇ ತಲೆ ಎಣಿಸ್ತಿದ್ದೆ. ಒಂದು ತಲೆ ಕಮ್ಮಿ ಬಂದ್ರೆ ಸೌಟು ಹಿಡ್ಕೊಂಡೇ ಇಳಿದು ಹುಡುಕ್ತಿದ್ದೆ. ಇವರು ಬೈಯೋರು, ಹೊತ್ತಾಯ್ತು ಅಂತ."

ಐದು ಮೂವತ್ತಾರಕ್ಕೆ ಗಡಿಯಾರ ಮೆಟ್ಟಿಲು ಹತ್ತಿ ಬಂದ. ಇವರನ್ನು ಕಂಡು ಹೊಸ್ತಿಲಲ್ಲೇ ನಿಂತ. ಇನ್‌ಸ್ಪೆಕ್ಟರ್ ಹೊರಗೆ ಬಂದು ಬಾಗಿಲು ಎಳೆದುಕೊಂಡ. ಅವನು ಬಿಲ್ಲೆಯನ್ನು ತೋರಿಸಲಿಲ್ಲ, ರಟ್ಟಿನ ಮಾತೂ ಎತ್ತಲಿಲ್ಲ.

"ಶನಿವಾರ ನಾನು ಫೋನ್ ಮಾಡಿದಾಗ ಟೈಮೆಷ್ಟು?"

"ಆರು ಐವತ್ತು."

"ಬಂಡೆ ಮುಳುಗೋದು?"

"ಏಳು ನಲವತ್ತೈದು."

"ನಮ್ಮ ಪೊಲೀಸ್ ದೋಣಿ ಅಲ್ಲಿಗೆ ಹೋಗಕ್ಕೆ?"

"ಮೂವತ್ತೈದು ನಿಮಿಷ." ಗಡಿಯಾರ ಗೋಡೆಗೆ ಕೈ ಊರಿದ.

ಆಮೇಲೆ ಅವನೇ ಹೇಳಿದ. ವಾರಕ್ಕೆ ಇಬ್ಬರು ಮೂವರಾದರೂ ಬಿಲ್ಲೆಯನ್ನು ಮೊಳೆಗೆ ಹಾಕಲು ಮರೆಯುತ್ತಿದ್ದರು, ಕೆಲವರು ಜೇಬಿನಲ್ಲೇ ಇಟ್ಟುಕೊಂಡು ಜೆಟ್ಟಿಯಲ್ಲಿ ಇಳಿಯುವಾಗ ಕೊಡುತ್ತಿದ್ದರು. ಆ ಒಂದು ಬಿಲ್ಲೆಗಾಗಿ ದೋಣಿಯೆಲ್ಲ ಕೇಳಿಕೊಂಡು ಬರುವಷ್ಟರಲ್ಲಿ ಕಾಲು ಗಂಟೆ ಹೋಗುತ್ತಿತ್ತು, ಬಸ್ಸು ಹೋಗುತ್ತಿತ್ತು. ಅದಕ್ಕೇ ನಲವತ್ತು ನಂಬರನ್ನೂ ಮಾಡಿ ಇಟ್ಟುಕೊಂಡಿದ್ದ. ಮೂರು ವರ್ಷ ಹೀಗೇ ನಡೆದಿತ್ತು, ಒಂದು ದಿನವೂ ಯಾರೂ ಉಳಿದಿರಲಿಲ್ಲ. ಶನಿವಾರವೂ ಹಾಗೇ ಎಂದುಕೊಂಡು ಇಪ್ಪತ್ತೇಳನ್ನು ಹಾಕಿದ.

"ನಾನು ಫೋನ್ ಮಾಡಿದ ಮೇಲೆ?"

"ಇವಳಿಗೆ ಊಟ ತಿನ್ನಿಸ್ತಿದ್ದೆ. ಫೋನಿಟ್ಟು ಎದ್ದು ಈ ಬಾಗಿಲ ತನಕ ಬಂದೆ. ಮತ್ತೆ ಹೋಗಿ ಕೂತೆ."

"ಯಾಕೆ?"

"ಹೇಳಿದ್ರೆ ನನ್ನನ್ನ ಕರ್ಕೊಂಡು ಹೋಗ್ತಿದ್ರಿ. ಏಳು ನಲವತ್ತಕ್ಕೆ ಇವಳಿಗೆ ಯಾರೂ ಇರ್ಲಿಲ್ಲ. ಆ ಅಮ್ಮ ಊರಲ್ಲೇ ಎಲ್ಲೋ ಇರ್ತಾರೆ ಅಂತ ನನಗೆ ನಾನೇ ಹೇಳ್ಕೊಂಡೆ ಸಾರ್."

ಆ ಸಂಜೆ ಹಲಗೆಯನ್ನು ನಂಬಿದವರಲ್ಲಿ ಇನ್‌ಸ್ಪೆಕ್ಟರೂ ಒಬ್ಬ.

ಒಂದು ಸಲ ತಿರುಗಿಸಿ ಬರುತ್ತೇನೆ ಎಂದು ಗಡಿಯಾರ ಕೇಳಿದ. ಇನ್‌ಸ್ಪೆಕ್ಟರ್ ಬಾಗಿಲು ತೆರೆದ. ಗಡಿಯಾರ ಕೈ ತೊಳೆದು, ಮಹಿಳಾ ಪೇದೆಯನ್ನು ಹತ್ತಿರ ಕರೆದ. ಒಂದು ಕೈ ಹೆಗಲಿನ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ಎಳೆಯಬಾರದು, ಉರುಳಿಸಬೇಕು. ಮೊಣಕಾಲುಗಳ ನಡುವೆ ದಿಂಬು ಇಡುವುದನ್ನು ಮರೆಯಬಾರದು. ಅವನು ತೋರಿಸಿದ, ಅವಳು ನೋಡಿಕೊಂಡಳು.

ಹೆಂಗಸಿನ ಮುಖ ಈಗ ಅವನ ಕಡೆ ತಿರುಗಿತ್ತು. ಅವಳು ದಿನವೂ ಕೇಳುವುದನ್ನೇ ಕೇಳಿದಳು.

"ಎಲ್ಲರೂ ವಾಪಸ್ ಬಂದ್ರಾ?"

ಅವನು ದಿಂಬನ್ನು ಸರಿಮಾಡಿದ. ಹೊದಿಕೆ ಎಳೆದ.

"ಒಬ್ರು ಬರ್ಲಿಲ್ಲ."

"ಮತ್ತೆ ಇಲ್ಲೇನ್ ಮಾಡ್ತಿದೀರಿ?" ಎಂದಳು ಅವಳು. "ಹೋಗಿ ಕರ್ಕೊಂಡು ಬನ್ನಿ."

ಹದಿಮೂರನೇ ತಾರೀಕು ಸಂಜೆ ಆರು ಗಂಟೆ ಐದು ನಿಮಿಷಕ್ಕೆ ಆರೋಪಿಯನ್ನು ಅವನ ಮನೆಯ ಮುಂದೆ ದಸ್ತಗಿರಿ ಮಾಡಲಾಯಿತು. ಕೃತ್ಯದ ಉದ್ದೇಶ ಎಂಬ ಕಡೆ ಇನ್‌ಸ್ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕೊನೆಗೆ 'ಹೊತ್ತಿಗೆ ಸರಿಯಾಗಿ ಮನೆ ತಲುಪುವುದು' ಎಂದು ಬರೆದ. ಮಹಿಳಾ ಪೇದೆ ಆ ಸಂಜೆ ಠಾಣೆಗೆ ಮರಳಲಿಲ್ಲ. ಏಳು ನಲವತ್ತಕ್ಕೆ ಅವಳು ಒಂದು ಕೈ ಹೆಗಲಿನ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಕೊಟ್ಟು ಆ ಹೆಂಗಸನ್ನು ಮೆಲ್ಲಗೆ ಉರುಳಿಸಿದಳು.