ಲೆಡ್‌ಫೋರ್ಡ್‌ನ ಮೂವತ್ತಾರು ಫಲಕಗಳು

ಮೇ ಹದಿನಾಲ್ಕು, ಗುರುವಾರ. ಬೆಳಿಗ್ಗೆ 9.40ಕ್ಕೆ ಅಮೆರಿಕದ ಜಾರ್ಜಿಯಾದ ಹೋಲ್ಕಂಬ್ ಕೌಂಟಿ ಶೆರಿಫ್ ಕಚೇರಿಗೆ ಫೋನಿನಲ್ಲಿ ದೂರು ಬಂತು. ಕೊಟ್ಟವಳು ರಸ್ತೆ ಇಲಾಖೆಯ ಮೇಲ್ವಿಚಾರಕಿ ವರ್ನಾ ಸ್ಟೋವರ್. ಹೆದ್ದಾರಿ ಬದಿಯ ಹುಲ್ಲು ಕತ್ತರಿಸುವ ಮುನ್ನ ಅಡ್ಡ ಬಂದ ಚುನಾವಣಾ ಫಲಕವೊಂದನ್ನು ಕೀಳಲು ಹೋದ ಹೋಯ್ಟ್ ಬ್ರಾಮ್ಲೆಟ್ ಎಂಬ ಕೆಲಸಗಾರನ ಬಲಗೈಯ ನಾಲ್ಕು ಬೆರಳು ಕುಯ್ದುಹೋಗಿದ್ದವು. ಫಲಕದ ಅಂಚಿಗೆ ಯಾರೋ ಬ್ಲೇಡು ಹಚ್ಚಿದ್ದರು.

ತನಿಖಾಧಿಕಾರಿ ಲೊರೆಟಾ ಪ್ರುಯಿಟ್, ಡೆಪ್ಯುಟಿ ಡ್ವೇನ್‌ನನ್ನು ಕರೆದುಕೊಂಡು 10.05ಕ್ಕೆ ಸ್ಥಳ ತಲುಪಿದಳು. ಐವತ್ತೊಂದರ ಹೆಂಗಸು, ಇಪ್ಪತ್ತಾರು ವರ್ಷದ ಸರ್ವೀಸು. ಹುಲ್ಲಿನ ಮೇಲೆ ರಕ್ತ ಇನ್ನೂ ಒಣಗಿರಲಿಲ್ಲ. ಹೋಯ್ಟ್‌ನ ತೆಳು ಬಟ್ಟೆಯ ಕೈಗವಸು ಅಲ್ಲೇ ಬಿದ್ದಿತ್ತು. ಪಕ್ಕದಲ್ಲಿ ಫಲಕ: "ದೇವರು, ಕುಟುಂಬ, ಲೆಡ್‌ಫೋರ್ಡ್."

ವಾಷಿಂಗ್ಟನ್ನಿನ ಸಂಸತ್ತಿಗೆ ರಿಪಬ್ಲಿಕನ್ ಪಕ್ಷದಿಂದ ಯಾರು ನಿಲ್ಲಬೇಕೆಂದು ಬರುವ ಮಂಗಳವಾರ ಮತದಾರರೇ ಆರಿಸುವವರಿದ್ದರು. ಒಂದು ಕುರ್ಚಿಗೆ ಒಂಬತ್ತು ಮಂದಿ. ಒಂಬತ್ತೂ ಜನ ಸಂಪ್ರದಾಯಸ್ಥರು, ಒಂಬತ್ತೂ ಜನರ ಬಾಯಲ್ಲಿ ಅದೇ ದೇವರು, ಅದೇ ಬಂದೂಕು, ಅದೇ ತೆರಿಗೆ. ಗ್ಯಾರೆಟ್ ಲೆಡ್‌ಫೋರ್ಡ್ ಅವರಲ್ಲಿ ಒಂಬತ್ತನೆಯವನು. ವಯಸ್ಸು ನಲವತ್ನಾಲ್ಕು, ಕಾರ್ಪೆಟ್ ಅಂಗಡಿಯ ಮಾಲೀಕ. ಚುನಾವಣೆಗೆ ಇದೇ ಮೊದಲ ಸಲ ನಿಂತಿದ್ದ.

ಲೊರೆಟಾ ಮಹಜರು ಬರೆಸಿದಳು. ಫಲಕ ಟೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯದು. ಆ ಗೆರೆಗಳೊಳಗೆ ಬ್ಲೇಡು ತೂರಿಸಿ, ಹರಿತವಷ್ಟೇ ಹೊರಗೆ ಇಣುಕುವಂತೆ ಕಂದು ಅಂಟು ಸುರಿದಿದ್ದರು. ಅಂಟನ್ನು ಮೂಸಿದ ಕೂಡಲೇ ಅವಳಿಗೆ ಗೊತ್ತಾಯಿತು. ಅವಳ ಅಮ್ಮ ಮೂವತ್ತು ವರ್ಷ ಕಾರ್ಪೆಟ್ ಗಿರಣಿಯಲ್ಲಿ ದುಡಿದು ಮನೆಗೆ ಬರುವಾಗ ಸೀದಂಥ ಇದೇ ವಾಸನೆಯನ್ನು ಹೊತ್ತು ತರುತ್ತಿದ್ದಳು. ಕಾರ್ಪೆಟ್ಟಿನ ಎರಡು ತುಂಡು ಸೇರಿಸಲು ಇಸ್ತ್ರಿಯಂಥ ಸಾಧನದಿಂದ ಕರಗಿಸುವ ಅಂಟು ಅದು. ಆದರೆ ಈ ಕೌಂಟಿಯಲ್ಲಿ ಅರ್ಧ ಮನೆಗಳಲ್ಲಿ ಅಂಥ ಇಸ್ತ್ರಿ ಇದ್ದೇ ಇರುತ್ತದೆ. ಅದೊಂದರಿಂದ ಯಾರನ್ನೂ ಹಿಡಿಯುವಂತಿರಲಿಲ್ಲ.

10.30ಕ್ಕೆ ಲೆಡ್‌ಫೋರ್ಡ್ ತಾನಾಗಿಯೇ ಬಂದ. ಇಸ್ತ್ರಿ ಮುರಿಯದ ಅಂಗಿ, ಹಿಂದೆ ಫೋನ್ ಹಿಡಿದು ಚಿತ್ರ ತೆಗೆಯುವ ಒಬ್ಬ ಬಂಟ.

"ನೋಡಿ ಮೇಡಂ, ಇದು ನನ್ನ ಕಡೆಯವರ ಕೈ ಕುಯ್ಯೋಕೆ ಇಟ್ಟಿದ್ದು. ಪಾಪ, ಆ ಬಡಪಾಯಿ ಸಿಕ್ಕಿಹಾಕ್ಕೊಂಡ."

"ಯಾರು ಇಟ್ಟಿದ್ದು?"

"ಎಂಟು ಜನ ಇದಾರಲ್ಲ, ಅವರಲ್ಲಿ ಯಾರೋ. ಫಲಕ ಕದೀತಿದಾರೆ ಅಂತ ಏಪ್ರಿಲ್‌ನಿಂದ ಮೂರು ದೂರು ಕೊಟ್ಟೆ. ನಿಮ್ಮ ಕಚೇರಿ ಕಣ್ಣುಮುಚ್ಚಿ ಕೂತಿತ್ತು."

"ಕಳುವು ಯಾವತ್ತು ಆಗ್ತಿತ್ತು?"

"ಪ್ರತಿ ಗುರುವಾರ. ಲೆಕ್ಕ ಹಾಕ್ಕೊಂಡೇ ಕದೀತಾರೆ." ಆಮೇಲೆ ಯಾರೂ ಕೇಳದಿದ್ದರೂ ಸೇರಿಸಿದ: "ಆ ಬ್ಲೇಡು ನನ್ನ ಅಂಗಡೀಲಿ ಮಾತ್ರ ಸಿಗೋದಲ್ಲ, ಗೊತ್ತಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಎಂದುಕೊಂಡ ಲೊರೆಟಾ, ಮಾತನ್ನು ಸಮಯದ ಸಮೇತ ಬರೆದುಕೊಂಡಳು.

ಸಂಜೆಯೊಳಗೆ ಆ ಹೆದ್ದಾರಿಯಲ್ಲಿ ಬ್ಲೇಡು ಹಚ್ಚಿದ ಇನ್ನೂ ಏಳು ಫಲಕ ಸಿಕ್ಕವು. ಏಳೂ ಲೆಡ್‌ಫೋರ್ಡ್‌ನವೇ, ಏಳೂ ಸರ್ಕಾರಿ ಜಾಗದಲ್ಲಿ. ಜನರ ಮನೆಯಂಗಳದಲ್ಲಿ ನೆಟ್ಟ ಅವನ ಫಲಕಗಳಲ್ಲಿ ಒಂದಕ್ಕೂ ಬ್ಲೇಡಿರಲಿಲ್ಲ.

6.10ಕ್ಕೆ ಹೋಯ್ಟ್‌ನ ಹೇಳಿಕೆ ಪಡೆಯಲು ಅವಳು ಆಸ್ಪತ್ರೆಗೆ ಹೋದಾಗ ಲೆಡ್‌ಫೋರ್ಡ್ ಆಗಲೇ ಅಲ್ಲಿದ್ದ. ಮಂಚದ ಪಕ್ಕ ಮಂಡಿಯೂರಿ, ಬ್ಯಾಂಡೇಜು ಸುತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ. ಬಂಟ ಫೋಟೋ ತೆಗೆಯುತ್ತಿದ್ದ. ಬೆಳಕು ಸಾಲದೆಂದು ಅವನು ಹೇಳಿದ್ದಕ್ಕೆ ಲೆಡ್‌ಫೋರ್ಡ್ ಎದ್ದು ಕಿಟಕಿಯ ಪರದೆ ಸರಿಸಿ, ಮತ್ತೆ ಮಂಡಿಯೂರಿ, "ಕರ್ತನೇ" ಎಂದು ಮೊದಲಿನಿಂದ ಶುರು ಮಾಡಿದ.

ಅವನು ಹೋದ ಮೇಲೆ ಹೋಯ್ಟ್ ಹೇಳಿದ, "ಒಳ್ಳೆ ಮನುಷ್ಯ ಕಣವ್ವ. ನಾನು ಬೇರೆಯವರಿಗೆ ವೋಟು ಹಾಕೋಣ ಅಂತಿದ್ದೆ. ಇಷ್ಟು ದಿನದಲ್ಲಿ ಯಾವ ದೊಡ್ಡ ಮನುಷ್ಯ ನಂಗೋಸ್ಕರ ಮಂಡಿಯೂರಿದಾನೆ, ಹೇಳು?"

"ಡಾಕ್ಟರು ಏನಂದ್ರು ಹೋಯ್ಟಣ್ಣ?"

"ಎರಡು ಬೆರಳು ಇನ್ನು ಮಡಚಲ್ಲವಂತೆ. ಯಂತ್ರದ ಕೆಲಸ ಮುಗೀತು ಅನ್ನು."

ಲೊರೆಟಾಳ ಹತ್ತಿರ ಸಾಕ್ಷಿ ಇನ್ನೂ ಇರಲಿಲ್ಲ.

ಮೇ ಹದಿನೈದು, ಶುಕ್ರವಾರ. ಬೆಳಿಗ್ಗೆ 8.30ಕ್ಕೆ ಅವಳು ರಸ್ತೆ ಇಲಾಖೆಯ ಅಂಗಳಕ್ಕೆ ಹೋದಳು. ಪ್ರತಿ ಗುರುವಾರ ಫಲಕ ಕಾಣೆಯಾಗುತ್ತದೆ, ಪ್ರತಿ ಗುರುವಾರ ಹುಲ್ಲು ಕತ್ತರಿಸುತ್ತಾರೆ. ಎರಡನ್ನೂ ಕೂಡಿಸಿ ನೋಡಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಮೂರು ದೂರು ಬಂದಾಗ ತಮ್ಮ ಕಚೇರಿಯಲ್ಲಿ ಒಬ್ಬರೂ ಕೂಡಿಸಿ ನೋಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ವರ್ನಾ ಅವಳನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಫಲಕಗಳ ಗುಡ್ಡೆ ಬಿದ್ದಿತ್ತು.

"ಸರ್ಕಾರಿ ಜಾಗದಲ್ಲಿ ನೆಟ್ರೆ ಎಲ್ಲಾರದ್ದೂ ಕಿತ್ತು ತರ್ತೀವಿ. ಕಾನೂನು. ಉಳಿದ ಎಂಟು ಜನದ ಕಡೆಯವರು ಶುಕ್ರವಾರ ಬಂದು ಹೊತ್ಕೊಂಡು ಹೋಗ್ತಾರೆ, ಮತ್ತೆ ಅಲ್ಲೇ ನೆಡ್ತಾರೆ. ಅದೊಂಥರಾ ಆಟ."

"ಲೆಡ್‌ಫೋರ್ಡ್ ಕಡೆಯವರು?"

"ಒಂದು ನರಪಿಳ್ಳೇನೂ ಬಂದಿಲ್ಲ. ಅಭ್ಯರ್ಥಿಗಳಿಗೆ ಕೊಡೋ ಕಾಗದದಲ್ಲಿ ಎರಡನೇ ಪುಟದಲ್ಲೇ ಬರ್ದಿದೆ. ಓದಬೇಕಲ್ಲ!"

11.00ಕ್ಕೆ ಲೆಡ್‌ಫೋರ್ಡ್ ಪರವಾಗಿ ಮನೆಮನೆ ಸುತ್ತುವ ಓಪಲ್ ಗ್ಯಾಡಿಸ್‌ಳ ಹೇಳಿಕೆ ಪಡೆದರು. ಎಪ್ಪತ್ತೆರಡರ ನಿವೃತ್ತ ಟೀಚರು. ಡ್ವೇನ್‌ಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವಳು.

"ಹೆದ್ದಾರಿಯ ಫಲಕ ಯಾರು ನೆಟ್ಟಿದ್ದು, ಟೀಚರ್?" ಡ್ವೇನ್ ಕೇಳಿದ.

"ಮೊದಲು ನಾವೇ. ಈ ಸೋಮವಾರ ಗ್ಯಾರೆಟ್ ಎಲ್ಲರನ್ನೂ ಕೂರಿಸ್ಕೊಂಡು, ಹೆದ್ದಾರೀದು ನಾನೇ ನೋಡ್ಕೋತೀನಿ, ನೀವ್ಯಾರೂ ಕೈ ಹಾಕಬೇಡಿ ಅಂದ."

"ಯಾಕೆ ಅಂತ ಹೇಳಿದ್ನಾ?"

"ಇಲ್ಲ. ಆದ್ರೆ ಎರಡು ಸಲ ಹೇಳಿದ." ಮುದುಕಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. "ಅಂದ್ರೆ ನಮ್ಮ ಕೈ ಉಳಿಸಿದಾನೆ ಅಲ್ವಾ? ಅಂದ್ರೆ ಅವನಿಗೆ ಗೊತ್ತಿತ್ತು. ಛೀ."

1.15ಕ್ಕೆ ಶೆರಿಫ್ ಟಾಲಿ ತನ್ನ ಕೋಣೆಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾ ಹೇಳಿದ, "ಮಂಗಳವಾರ ಕಳೀಲಿ ಲೊರೆಟಾ. ನಾಲ್ಕೇ ದಿನ. ಈಗ ಹಿಡಿದ್ರೆ ನಾವು ಯಾರದೋ ಕಡೆ ಅಂತಾರೆ."

"ನಾಳೆ ಬೆಳಿಗ್ಗೆ ಎಂಟಕ್ಕೆ ಚರ್ಚಿನ ಹೆಂಗಸರು ರಸ್ತೆ ಬದಿಯ ಕಸ ಎತ್ತೋಕೆ ಇಳೀತಾರೆ ಸಾರ್."

"ಬೇಡ ಅಂತ ಹೇಳು."

"ಹೇಳಿದೀನಿ. ಈ ಕ್ಷೇತ್ರದ ಹತ್ತು ಕೌಂಟಿಗೂ ಫೋನ್ ಮಾಡಿದೀನಿ. ದಾರಿಹೋಕರಿಗೆ ಹೇಳೋದು ಹೆಂಗೆ? ಎಷ್ಟು ಫಲಕ, ಎಲ್ಲೆಲ್ಲಿ ಅಂತ ಗೊತ್ತಿರೋನು ಒಬ್ಬನೇ. ಅವನು ಬಾಯಿ ಬಿಡದೆ ಪ್ರಾರ್ಥನೆ ಮಾಡ್ಕೊಂಡು ತಿರುಗ್ತಿದಾನೆ."

ಶೆರಿಫ್ ಸ್ಯಾಂಡ್‌ವಿಚ್ ಕೆಳಗಿಟ್ಟ. ಕೈ ಒರೆಸಿಕೊಂಡು, ಲೆಡ್‌ಫೋರ್ಡ್‌ನ ಅಂಗಡಿ ಶೋಧಿಸುವ ವಾರಂಟ್ ಅರ್ಜಿಗೆ ಸಹಿ ಹಾಕಿದ.

3.00ಕ್ಕೆ ಅಂಗಡಿಯ ಶೋಧ ನಡೆಯಿತು. ಹಿಂಬದಿಯ ಕೋಣೆಯಲ್ಲಿ ಅಂಟಿನ ಇಸ್ತ್ರಿ, ಖಾಲಿ ಬ್ಲೇಡು ಡಬ್ಬಿಗಳು, ಪ್ಲಾಸ್ಟಿಕ್ ಹಾಳೆಯ ಚೂರು ಸಿಕ್ಕವು. ಪಟ್ಟಿ ಮಾಡಿ ಎಲ್ಲವನ್ನೂ ಸೀಲು ಮಾಡಿದರು. ಲೆಡ್‌ಫೋರ್ಡ್‌ಗೆ ಅವನ ಹಕ್ಕುಗಳನ್ನು ಓದಿ ಹೇಳಿದ ಲೊರೆಟಾ, ಅವನನ್ನು ಜೀಪಿನಲ್ಲಿ ಕೂರಿಸಿ ಕಚೇರಿಯ ಬದಲು ರಸ್ತೆ ಇಲಾಖೆಗೆ ಕರೆತಂದಳು.

"ಇಲ್ಲಿಗ್ಯಾಕೆ?"

"ನಿಮ್ಮ ಕಳುವಾದ ಮಾಲು ಸಿಕ್ಕಿದೆ. ಗುರುತು ಹಿಡೀಬೇಕು."

ಶೆಡ್ಡಿನ ಹಿಂದೆ ಇನ್ನೂರಕ್ಕೂ ಹೆಚ್ಚು ಫಲಕಗಳಲ್ಲಿ ಅವನದೇ ಹೆಸರು. ಪಕ್ಕದಲ್ಲಿ ಉಳಿದ ಎಂಟು ಮಂದಿಯದು ನೆನ್ನೆ ಕಿತ್ತು ತಂದ ಸಣ್ಣ ಸಣ್ಣ ಕಟ್ಟುಗಳು. ವರ್ನಾ ಎರಡನೇ ಪುಟವನ್ನು ಗಟ್ಟಿಯಾಗಿ ಓದಿದಳು. ಲೆಡ್‌ಫೋರ್ಡ್ ಒಂದು ಫಲಕವನ್ನು ಬೂಟಿನ ತುದಿಯಿಂದ ತಿರುವಿ ನೋಡಿದ. ಕೈ ಮಾತ್ರ ಹಾಕಲಿಲ್ಲ.

"ಹಾಗಾದ್ರೆ ಯಾರೂ ಕದ್ದಿಲ್ವಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

ಅವನ ಮುಖ ಇಳಿಯಿತು. ಹೋಯ್ಟ್‌ನ ಹಾಸಿಗೆಯ ಪಕ್ಕದಲ್ಲಿ ಬಾರದ ಕಣ್ಣೀರು ಈಗ ಬಂತು. ತನಗೇನಾದರೂ ಕನಿಕರ ಬರುತ್ತದೋ ಎಂದು ಲೊರೆಟಾ ನೋಡಿದಳು, ಬರಲಿಲ್ಲ.

"ಎಷ್ಟು?" ಎಂದಳು.

"ಮೂವತ್ತಾರು."

"ಎಲ್ಲೆಲ್ಲಿ? ಈ ನಕ್ಷೆ ಮೇಲೆ ಗುರುತು ಹಾಕಿ."

ಗುರುತು ಹಾಕುತ್ತಲೇ ಅವನು ಮಾತಾಡಿದ. ಮಾರ್ಚ್ ತಿಂಗಳ ಮೊದಲ ಸಭೆಯಲ್ಲಿ ವೇದಿಕೆಯ ಮೇಲೆ ಎಂಟೇ ಕುರ್ಚಿ ಹಾಕಿದ್ದರಂತೆ. ಅವನು ಒಂದೂವರೆ ಗಂಟೆ ಗೋಡೆಗೆ ಒರಗಿ ನಿಂತಿದ್ದನಂತೆ. ಕೊನೆಗೆ ಯಾರೋ ಅವನನ್ನು ಮೈಕಿನವನೆಂದು ತಿಳಿದು ವೈರು ಸುತ್ತಲು ಹೇಳಿದರಂತೆ. "ಫಲಕ ಕದೀತಿದಾರೆ ಅಂದ್ಮೇಲೆ ಜನ ನನ್ನ ಕಡೆ ತಿರುಗಿ ನೋಡಿದ್ರು. ನನಗೂ ಶತ್ರುಗಳಿದಾರೆ ಅಂತಾಯ್ತು. ಕಳ್ಳನ ಕೈಗೆ ಗಾಯ ಆದ್ರೆ ಎಂಟರಲ್ಲಿ ಯಾರು ಅಂತ ಊರಿಗೇ ಗೊತ್ತಾಗುತ್ತೆ ಅಂದ್ಕೊಂಡೆ."

"ಗಾಯ ಆಗಿದ್ದು ಬ್ರಾಮ್ಲೆಟ್‌ಗೆ. ಆ ಕೈ ಹಿಡ್ಕೊಂಡಾಗ ಏನನ್ನಿಸ್ತು?"

ಲೆಡ್‌ಫೋರ್ಡ್ ಮೂಗು ಒರೆಸಿಕೊಂಡ. "ಆ ಫೋಟೋನ ಒಂಬತ್ತು ಸಾವಿರ ಜನ ನೋಡಿದಾರೆ, ಮೇಡಂ."

ಡ್ವೇನ್ ಮುಖ ತಿರುಗಿಸಿ ನೆಲಕ್ಕೆ ಉಗುಳಿದ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರನ್ನು ಲೊರೆಟಾ ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದಳು. ತೂಗುವಾಗ ಎಷ್ಟು ಜನ ನೋಡಿದರೆಂದು ಎಣಿಸಿದವನು ಇವನೊಬ್ಬನೇ. 5.15ಕ್ಕೆ ಬಂಧನ ದಾಖಲಾಯಿತು. ಕತ್ತಲಾಗುವುದರೊಳಗೆ ಹತ್ತು ಕೌಂಟಿಯ ಡೆಪ್ಯುಟಿಗಳು ಉಳಿದ ಇಪ್ಪತ್ತೆಂಟು ಫಲಕಗಳನ್ನೂ ಕಿತ್ತು ತಂದರು. ಒಂದು, ಶಾಲಾ ಬಸ್ಸು ನಿಲ್ಲುವ ತಿರುವಿನಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಲೊರೆಟಾ ಹೋಯ್ಟ್‌ನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತು ಎಡಗೈಯಲ್ಲಿ ಚಮಚ ಹಿಡಿದು ಜೋಳದ ಗಂಜಿ ತಿನ್ನುತ್ತಿದ್ದ. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಚಮಚ ಕೆಳಗಿಟ್ಟ.

"ನೆನ್ನೆ ಆಸ್ಪತ್ರೆಯಿಂದ ಬಿಟ್ರಲ್ಲ, ಸೀದಾ ಹೋಗಿ ಮುಂಗಡ ವೋಟು ಹಾಕ್ಬಿಟ್ಟೆ ಕಣವ್ವ. ಎಡಗೈಯಲ್ಲಿ. ಅವನಿಗೇ." ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ವಾಪಸ್ ತಗೊಳ್ಳೋಕೆ ಆಗುತ್ತಾ?"

"ಆಗಲ್ಲ ಅಣ್ಣ."

ಹೇಳಿಕೆಯ ಕಾಗದಕ್ಕೆ ಅವನು ಎಡಗೈಯಲ್ಲೇ ಸಹಿ ಹಾಕಿದ. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಪೆನ್ನು ವಾಪಸ್ ಕೊಡುವಾಗ ಅವನು ಅವಳ ಮುಖ ನೋಡಲಿಲ್ಲ.

"ಅವನು ಪ್ರಾರ್ಥನೆ ಮುಗಿಸಿದಾಗ ನಾನೂ ಆಮೆನ್ ಅಂದೆ."

ಲೊರೆಟಾ ಅದನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.