ಚಾನಲ್ ಏರಿಯ ಬಾಣದ ಗುರುತು

2025ರ ನವೆಂಬರ್ 9, ಭಾನುವಾರ. ಬೆಳಿಗ್ಗೆ 9.40ಕ್ಕೆ ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಮೊಣಕಾಲಿನವರೆಗೂ ಮಣ್ಣು ಮೆತ್ತಿತ್ತು. ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದ.

"ಕಂಪ್ಲೇಂಟ್ ಕೊಡಬೇಕ್ರಿ ಮೇಡಂ. ನಮ್ಮೋನೊಬ್ಬನ್ನ ಯಾರೋ ಕೊಲ್ಲಾಕ ನೋಡಿದಾರೆ."

ಇನ್‌ಸ್ಪೆಕ್ಟರ್ ಪುಷ್ಪಲತಾ ಕುರ್ಚಿ ತೋರಿಸಿದರು. ಹೆಡ್ ಕಾನ್‌ಸ್ಟೇಬಲ್ ಹಾಲಸ್ವಾಮಿ, ಯಾರೂ ಹೇಳದೆಯೇ, ಒಂದು ಲೋಟ ನೀರು ತಂದಿಟ್ಟರು.

ಬಂದವನ ಹೆಸರು ಅಂಜನ್ ಕುಮಾರ್. ದಾವಣಗೆರೆಯಲ್ಲಿ ಸೈಕಲ್ ಅಂಗಡಿ. ಭಾನುವಾರಗಳಂದು ದಪ್ಪ ಗಾಲಿಯ ಗ್ರಾವೆಲ್ ಸೈಕಲ್ಲಿನವರನ್ನು ಸೇರಿಸಿಕೊಂಡು ಮಣ್ಣು ಹಾದಿಗಳಲ್ಲಿ ಸುತ್ತಾಡಿಸುತ್ತಾನೆ. ಈ ಸಲ ನಲವತ್ತು ಜನ. ಶಾಮನೂರಿನಿಂದ ನಾಲೆಯ ದಂಡೆಯ ಮೇಲಿನ ಚಾನಲ್ ಏರಿ ಹಿಡಿದು ಕುಕ್ಕುವಾಡದ ಕಡೆಗೆ, ಅಲ್ಲಿಂದ ಹರಿಹರ, ವಾಪಸ್ ಬರುವಾಗ ಬಾತಿ ಗುಡ್ಡ. ಹಿಂದಿನ ದಿನ ತಾನೇ ಹೋಗಿ ಕವಲು ಕವಲಿಗೂ ಸುಣ್ಣದ ಪುಡಿಯಲ್ಲಿ ಬಾಣದ ಗುರುತು ಹಾಕಿ ಬಂದಿದ್ದ. ಒಂದು ಕವಲಿನಲ್ಲಿ, ಏರಿಯ ಮೇಲೇ ನೇರ ಹೋಗಬೇಕಿದ್ದ ಬಾಣ ಎಡಕ್ಕೆ ತಿರುಗಿತ್ತು. ಎಲ್ಲರಿಗಿಂತ ಮುಂದಿದ್ದ ಬಕ್ಕೇಶ್ ಎಂಬ ಮೇಷ್ಟ್ರು ಎಡಕ್ಕೆ ತಿರುಗಿ, ಇಳಿಜಾರಿನ ಕೊನೆಯಲ್ಲಿದ್ದ ಹಳೆಯ ಕಲ್ಲು ಕ್ವಾರಿಯೊಳಕ್ಕೆ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಕ್ವಾರಿಯ ಆಚೆ ದಂಡೆಯ ಟಾರ್ ರಸ್ತೆಗೆ ಆಂಬುಲೆನ್ಸ್ ಬಂದು ಒಯ್ದಿತ್ತು.

"ಯಾರ ಮೇಲಾದ್ರೂ ಅನುಮಾನ?"

"ಹರಿಹರದಾಗ ಇನ್ನೊಂದು ಕ್ಲಬ್ ಐತ್ರಿ. ನಮ್ಮ ರೂಟ್ ಕಂಡ್ರೆ ಅವರಿಗೆ ಹೊಟ್ಟೆ ಉರಿ."

"ಸೈಕಲ್ ತುಳಿಯಾಕೂ ಹೊಟ್ಟೆ ಉರೀನಾ?" ಎಂದರು ಹಾಲಸ್ವಾಮಿ, ಕಿಟಕಿಯಾಚೆ ಗೋಡೆಗೆ ಒರಗಿಸಿದ್ದ ಸೈಕಲ್ ನೋಡುತ್ತ. "ಎಷ್ಟಪ್ಪಾ ಅದಕ್ಕೆ?"

"ಒಂದೂವರೆ ಲಕ್ಷ ಸಾರ್."

"ಒಂದೂವರೆ ಲಕ್ಷದ ಸೈಕಲ್ಲಿಗೆ ಸ್ಟ್ಯಾಂಡೇ ಇಲ್ಲಲ್ಲೋ ಮಾರಾಯ!"

10.15ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 125(ಬಿ): ಪ್ರಾಣಕ್ಕೆ ಅಪಾಯ ತರುವ ಕೃತ್ಯದಿಂದ ತೀವ್ರ ಗಾಯ. ಜೀಪು ಹತ್ತುವ ಮೊದಲೇ ಹಾಲಸ್ವಾಮಿ ಹರಿಹರಕ್ಕೆ ಫೋನು ಮಾಡಿದರು. ಆ ಕ್ಲಬ್ಬಿನ ಹನ್ನೊಂದೂ ಜನ ಹಿಂದಿನ ದಿನ ಬೆಳಿಗ್ಗೆಯೇ ಹಂಪಿಯ ದಾರಿ ಹಿಡಿದಿದ್ದರು. ಪ್ರತಿ ಟೀ ಅಂಗಡಿಯಲ್ಲೂ ತೆಗೆದ ಫೋಟೊಗಳು ಅವರ ಫೋನಿಗೆ ಬಂದು ಬಿದ್ದವು.

11.30ಕ್ಕೆ ಕವಲಿನಲ್ಲಿ ಪಂಚನಾಮೆ ಆರಂಭವಾಯಿತು. ಬಲಕ್ಕೆ ತುಂಬಿ ಹರಿಯುವ ನಾಲೆ, ಎಡಕ್ಕೆ ಜಾಲಿ ಗಿಡಗಳ ನಡುವೆ ಇಳಿಯುವ ಹಾದಿ. ಪುಷ್ಪಲತಾ ಆ ಬಾಣದ ಎದುರು ಕುಕ್ಕರುಗಾಲಲ್ಲಿ ಕೂತರು. ಅಂಜನ್ ಹಾಕಿದ್ದ ಉಳಿದ ಗುರುತುಗಳನ್ನು ದಾರಿಯುದ್ದಕ್ಕೂ ನೋಡಿಕೊಂಡೇ ಬಂದಿದ್ದರು. ನಿಂತು ಬಾಟಲಿಯಿಂದ ಸುರಿದ ಅಡ್ಡಾದಿಡ್ಡಿ ಪಟ್ಟೆಗಳು ಅವು. ಇದು ಹಾಗಿರಲಿಲ್ಲ. ಎರಡು ಬೆರಳ ನಡುವಿನಿಂದ ಪುಡಿ ಬಿಡುತ್ತ ಎಳೆದ ಗೆರೆ. ಎಲ್ಲೂ ದಪ್ಪವಾಗಿಲ್ಲ, ಎಲ್ಲೂ ಕಡಿದಿಲ್ಲ. ಪಕ್ಕದಲ್ಲಿ ಪೊರಕೆಯಿಂದ ಗುಡಿಸಿದ ಗುರುತು.

"ಇದು ಕೂತು ಹಾಕಿದ್ದು ಹಾಲಸ್ವಾಮಿ. ದಿನಾ ಅಂಗಳದಾಗ ರಂಗೋಲಿ ಹಾಕೋ ಕೈ."

ಹಾಲಸ್ವಾಮಿ ಕುಕ್ಕುವಾಡದವರು. ಅವರ ಅನುಮಾನ ಬೇರೆ ಇತ್ತು. "ಆದ್ರೆ ಮೇಡಂ, ಈ ಸೀಮೆಯೋರು ಯಾರೂ ಈ ದಾರಿ ತೋರ್ಸಲ್ಲ. ಮೊದಲು ಇದು ಟಾರ್ ರೋಡಿಗೆ ಹೋಗ್ತಿತ್ತು. ಕ್ವಾರಿ ತೋಡಿ ತೋಡಿ ಮೂರು ವರ್ಷದ ಹಿಂದೆ ದಾರೀನೇ ನುಂಗಿಬಿಟ್ಟೈತೆ. ಸಣ್ಣ ಮಗೂಗೂ ಗೊತ್ತು."

"ಅಂದ್ರೆ ಬೇಕಂತ ಸಾಯಿಸಾಕ ಮಾಡಿರಬೇಕು," ಎಂದರು ಪುಷ್ಪಲತಾ.

"ಇಲ್ಲಾ, ಗೊತ್ತಿಲ್ಲದೋರು ಮಾಡಿರಬೇಕು."

ಕವಲಿನಿಂದ ಮುಂದೆ, ಏರಿಯ ಪಕ್ಕದಲ್ಲೇ ಒಂದು ತಗಡಿನ ಮನೆ. ಸುತ್ತ ಅರ್ಧ ಮೈಲಿಗೆ ಬೇರೆ ಮನೆಯಿಲ್ಲ. 12.20ಕ್ಕೆ ಇಬ್ಬರೂ ಅಲ್ಲಿಗೆ ಹೋದಾಗ ಅರವತ್ತರ ಹತ್ತಿರದ ಹೆಂಗಸೊಬ್ಬಳು ಹೊರಗೆ ಬಂದಳು. ಹೆಸರು ಚೌಡವ್ವ. ಸಮವಸ್ತ್ರ ನೋಡಿ ಹೆದರಿದರೂ, ಬಿಸಿಲಲ್ಲಿ ನಿಂತವರಿಗೆ ಮೊದಲು ಚಾಪೆ ಹಾಸಿ, ಗಡಿಗೆಯ ನೀರು ಕೊಟ್ಟಳು. ಪಕ್ಕದ ಕೋಣೆಯ ಬಾಗಿಲಿಗೆ ಬೀಗ. ಒಳಗಿನಿಂದ ಧಡ್, ಧಡ್ ಎಂದು ಸದ್ದು.

"ಏನವ್ವಾ ಅದು?"

"ಎಮ್ಮಿ ಐತ್ರಿ."

ಅಂಗಳದಲ್ಲಿ ಸಗಣಿಯಿರಲಿಲ್ಲ, ಮೇವಿರಲಿಲ್ಲ. ಪುಷ್ಪಲತಾ ಆ ಮಾತು ಬೆಳೆಸದೆ ನೀರು ಕುಡಿದರು.

"ಇಲ್ಲಿಂದ ಟಾರ್ ರೋಡಿಗೆ ಹೆಂಗೆ ಹೋಗಬೇಕವ್ವಾ?"

"ಕವಲಾಗ ಎಡಕ್ಕೆ ಇಳೀರಿ. ಬೇವಿನ ಮರ ಬರತೈತೆ. ಅದನ್ನ ದಾಟಿದ್ರೆ ರೋಡೇ. ಸಲೀಸು ದಾರಿ."

ಹಾಲಸ್ವಾಮಿ ತಲೆ ಎತ್ತಿದರು. ಪುಷ್ಪಲತಾ ಲೋಟ ಕೆಳಗಿಟ್ಟರು.

"ಆ ಕಡೆ ಹೋಗಿ ಎಷ್ಟು ದಿನ ಆತು?"

ಚೌಡವ್ವ ಬೀಗದ ಕಡೆ ನೋಡಿದಳು.

"ರೇಷನ್ನು?"

"ಊರಾಗಿನ ಲಕ್ಷ್ಮೀದೇವಿ ತಂದುಕೊಡ್ತಾಳ್ರಿ, ಗದ್ದೆ ಕೆಲಸಕ್ಕೆ ಬಂದಾಗ. ಪುಣ್ಯಾತಗಿತ್ತಿ."

"ಅವ್ವಾ, ಆ ಬೇವಿನ ಮರ ಇಲ್ಲ. ಅದಿದ್ದ ಜಾಗದಾಗ ಈಗ ಇಪ್ಪತ್ತಡಿ ಗುಂಡಿ ಐತೆ. ಇವತ್ತು ಮುಂಜಾನೆ ಒಬ್ರು ಬಿದ್ದಿದಾರೆ," ಎಂದರು ಹಾಲಸ್ವಾಮಿ.

"ಉಳಿದಾರೇನ್ರಿ?" ಎಂದಳು ಚೌಡವ್ವ.

"ಉಳಿದಾರೆ."

"ನಾನೇ ತಿರುಗಿಸಿದ್ದು," ಎಂದಳು. ಯಾರೂ ಕೇಳಿರಲಿಲ್ಲ. "ಆ ಕಡಿಂದ ಸುತ್ತಿ ಹೋಗ್ಲಿ ಅಂದ್ಕಂಡೆ. ಬೀಳ್ಲಿ ಅಂತ ಅಲ್ರಿ."

ಒಳಗಿದ್ದವನು ಮಗ ಸಿದ್ದೇಶ, ಇಪ್ಪತ್ತೊಂಬತ್ತು ವರ್ಷ. ತಲೆ ಕೆಟ್ಟು ಎರಡು ಸಲ ನಾಲೆಗೆ ಹಾರಿದ್ದ. ಎರಡನೆಯ ಸಲ ಅವನನ್ನು ದಡಕ್ಕೆ ಎಳೆದು ಹಾಕಿದ ಚೌಡವ್ವನ ಗಂಡ ಆರು ತಿಂಗಳಲ್ಲಿ ತೀರಿಕೊಂಡ. ಅಂದಿನಿಂದ ಆರು ವರ್ಷ, ನಾಲೆಯಲ್ಲಿ ನೀರು ಹರಿಯುವಷ್ಟು ದಿನ ಅವಳು ಅವನ ಬಾಗಿಲು ತೆಗೆಯಲಿಲ್ಲ. ನೀರು ನಿಂತಾಗಲೂ ಧೈರ್ಯ ಬರಲಿಲ್ಲ. ಹೋದ ತಿಂಗಳು ದಾರಿ ನೋಡಲು ಬಂದ ಸೈಕಲ್ಲಿನವರಲ್ಲಿ ಒಬ್ಬ, ಕಿಟಕಿಯಿಂದ ಚಾಚಿದ ಕೈಯ ವಿಡಿಯೊ ಮಾಡಿದ್ದ. ಅದು ಊರೂರು ಹರಿದಾಡಿ, ನೋಡಲು ಜನ ಬೈಕು ಹತ್ತಿ ಬಂದರು. ಸಿದ್ದೇಶ ಮೂರು ದಿನ ಅನ್ನ ಬಿಟ್ಟು ಗೋಡೆಗೆ ಹಣೆ ಚಚ್ಚಿಕೊಂಡ.

"ನಿನ್ನೆ ಸುಣ್ಣ ಹಾಕಾಕ ಬಂದೋನಿಗೆ ಕೈ ಮುಗಿದೆ. ಈ ಕಡಿ ಬ್ಯಾಡಪ್ಪಾ ಅಂದೆ."

ಅಂಜನ್ ಕುಮಾರನಿಗೆ ಹಾಲಸ್ವಾಮಿ ಫೋನು ಮಾಡಿದರು.

"ಹೌದ್ರಿ ಸಾರ್. ಅರ್ಧ ತಾಸಿನ ಮಾತು ಅಜ್ಜಿ, ದಾಟಿ ಹೋಗಿಬಿಡ್ತೀವಿ ಅಂದಿದ್ದೆ. ಬಿಸ್ಕತ್ ಪ್ಯಾಕೆಟ್ಟೂ ಕೊಟ್ಟೆ. ಆಕೆ ಯಾಕ ಬ್ಯಾಡ ಅಂದ್ರೋ, ಕೇಳ್ಲಿಲ್ಲ."

ಪೊರಕೆ ಮತ್ತು ರಂಗೋಲಿ ಡಬ್ಬಿಯನ್ನು ಪಂಚರ ಎದುರು ಜಪ್ತಿ ಮಾಡಿದರು. ಮೂರು ವರ್ಷದವರೆಗಿನ ಶಿಕ್ಷೆಯ ಕಲಮಿಗೆ ಬಂಧಿಸದೆ ನೋಟಿಸು ಕೊಟ್ಟು ಬಿಡಬಹುದು ಎಂದು ಹಾಲಸ್ವಾಮಿ ಮೆಲ್ಲಗೆ ನೆನಪಿಸಿದರು. ಪುಷ್ಪಲತಾಗೆ ಅದು ಗೊತ್ತಿತ್ತು. ನೋಟಿಸು ಕೊಟ್ಟು ಹೊರಟರೆ ಆ ಬೀಗ ಹಾಗೇ ಇರುತ್ತದೆ. ಲಕ್ಷ್ಮೀದೇವಿ ಬಾರದ ವಾರ ಇಬ್ಬರೂ ಉಪವಾಸ. ಬಂಧಿಸಿದರೆ, ಒಳಗಿರುವವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಸರ್ಕಾರವೇ ಬರೆದು ಉತ್ತರ ಕೊಡಬೇಕು.

"ನನ್ನ ಒಯ್ದರೆ ಅವನಿಗೆ ಯಾರ್ರಿ?" ಚೌಡವ್ವ ಪುಷ್ಪಲತಾರ ಕಾಲಿಗೆ ಬೀಳಲು ಬಂದಳು.

ಪುಷ್ಪಲತಾ ಅವಳ ಎರಡೂ ರಟ್ಟೆ ಹಿಡಿದು ನಿಲ್ಲಿಸಿದರು. "ಅವನೂ ಬರ್ತಾನವ್ವಾ. ಜಿಲ್ಲಾಸ್ಪತ್ರೆಗೆ ಹೇಳಿದೀನಿ, ಡಾಕ್ಟರ್ ಕಾಯ್ತಿದಾರೆ. ಬಾಗಿಲು ತೆಗೀರಿ."

ಬೀಗ ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬೆಳಕಿಗೆ ಕಣ್ಣು ಮುಚ್ಚಿಕೊಂಡು ನಿಂತ ಸಿದ್ದೇಶನಿಗೆ ಹಾಲಸ್ವಾಮಿ ತಮ್ಮ ಊಟದ ಡಬ್ಬಿಯ ಬಾಳೆಹಣ್ಣು ಸುಲಿದು ಕೈಗಿತ್ತು, ನಾಲೆ ಕಾಣದ ಹಾಗೆ ಅವನ ಆ ಬದಿಗೆ ನಿಂತುಕೊಂಡರು.

3.10ಕ್ಕೆ ಬಂಧನ. ಮಹಿಳಾ ಪೇದೆಯನ್ನು ಕರೆಸಿ, ಕಾರಣ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡಾಯಿತು. ಜೀಪಿನಲ್ಲಿ ಮಗನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಚೌಡವ್ವ, ಗಾಜಿನಾಚೆ ನೋಡಿಯೇ ನೋಡಿದಳು. ಸಾಲು ಮನೆಗಳು, ಸಿಮೆಂಟು ರಸ್ತೆ, ಅಪಾರ್ಟ್‌ಮೆಂಟು.

"ಇದ್ಯಾವ ಊರ್ರಿ?"

"ಶಾಮನೂರು."

"ನನ್ನ ತವರು ಐತ್ರಿ ಇದು," ಎಂದು ನಕ್ಕಳು, ನಂಬದವಳ ಹಾಗೆ.

ಆ ಸಂಜೆ ಕೇಸ್ ಡೈರಿಯಲ್ಲಿ ಉದ್ದೇಶದ ಬಗ್ಗೆ ಪುಷ್ಪಲತಾ ಹೀಗೆ ಬರೆದರು: 'ಆರೋಪಿಗೆ ಗಾಯಾಳುವಿನ ಮೇಲೆ ದ್ವೇಷವಿಲ್ಲ. ಆಕೆ ಆರು ವರ್ಷದಿಂದ ಆ ಕವಲು ದಾಟಿ ಹೋಗಿಲ್ಲ. ಆಕೆ ತೋರಿಸಿದ್ದು, ಆಕೆಗೆ ಗೊತ್ತಿದ್ದ ಒಂದೇ ಒಳ್ಳೆಯ ದಾರಿ.'